ನೋಟಕ್ಕೆ ಬೀದರ್, ಊಟಕ್ಕೆ ಸುರಪುರ

ಶನಿವಾರ ಹೊರಟು ಭಾನುವಾರ ರಾತ್ರಿಯೊಳಗೆ ಮನೆ ಸೇರಬೇಕೆನ್ನುವ ಕಲಬುರಗಿಯವರಿಗೆ ಹಂಪಿ ದೂರ, ಹೈದರಾಬಾದ್ ಗದ್ದಲ. ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಒಂದು ಕಡೆ ಬೀದರ್ ಇದೆ, ಇನ್ನೊಂದು ಕಡೆ ಯಾದಗಿರಿ ಜಿಲ್ಲೆಯ ಸುರಪುರ ಇದೆ. ಎರಡೂ ಊರುಗಳಲ್ಲಿ ಲಾಡ್ಜ್ ಬಿಟ್ಟು, ಮನೆಯವರೇ ಕೋಣೆ ಕೊಟ್ಟು ಬೆಳಗಿನ ನಾಷ್ಟಾ ಬಡಿಸುವ ಕಡೆ ನಾವು ಉಳಿದು ಬಂದಿದ್ದೇವೆ. ನಾವೆಂದರೆ ನಾನು, ನನ್ನ ಹೆಂಡತಿ, ಎಪ್ಪತ್ತು ದಾಟಿದ ಅವ್ವ, ಹೈಸ್ಕೂಲಿನಲ್ಲಿರುವ ಮಗಳು. ಯಾವ ಊರು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಎರಡೇ: ಜೊತೆಯಲ್ಲಿ ಬರುವವರು ಎಷ್ಟು ನಡೆಯಬಲ್ಲರು? ರಾತ್ರಿ ತಟ್ಟೆಯಲ್ಲಿ ಏನಿರಬೇಕು?

ಹೋಗುವ ದಾರಿಯಲ್ಲಿ ಬೀದರ್‌ಗೆ ಅನುಕೂಲ ಹೆಚ್ಚು. 2017ರಲ್ಲಿ ಕಲಬುರಗಿ–ಬೀದರ್ ರೈಲು ಮಾರ್ಗ ತೆರೆದ ಮೇಲೆ ವಯಸ್ಸಾದವರನ್ನು ಕರೆದೊಯ್ಯುವುದು ಸುಲಭವಾಗಿದೆ. ಆದರೂ ನಾನು ರಸ್ತೆಯನ್ನೇ ಆರಿಸುತ್ತೇನೆ. ಕಮಲಾಪುರದಲ್ಲಿ ಇಳಿದು ಕೆಂಪು ಬಾಳೆಹಣ್ಣು ಕೊಳ್ಳಬಹುದು. ಭೌಗೋಳಿಕ ಸೂಚ್ಯಂಕ ಪಡೆದ ಆ ಹಣ್ಣಿನ ಸಿಪ್ಪೆ ಕೆಂಪು, ತಿರುಳು ಗಟ್ಟಿ, ಒಂದು ತಿಂದರೆ ಹೊಟ್ಟೆ ತುಂಬುತ್ತದೆ. ಹುಮನಾಬಾದ್ ತಾಲ್ಲೂಕಿನ ಜಲಸಂಗವಿಗೆ ತಿರುಗಿಕೊಂಡರೆ ಚಾಲುಕ್ಯರ ಕಾಲದ ದೇವಾಲಯದ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆ ನಿಂತಿದ್ದಾಳೆ. ಅವಳನ್ನು ನೋಡದೆ ಆ ದಾರಿಯಲ್ಲಿ ಹೋಗಬಾರದು. ಸುರಪುರಕ್ಕೆ ರೈಲು ನಿಲ್ದಾಣವಿಲ್ಲ. ಜೇವರ್ಗಿ ದಾರಿಯಲ್ಲಿ ಭೀಮಾ ನದಿಯನ್ನು ದಾಟಿ, ಶಹಾಪುರದಲ್ಲಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟದ ಸಾಲನ್ನು ನೋಡುತ್ತಾ ಬಸ್ಸಿನಲ್ಲೋ ಕಾರಿನಲ್ಲೋ ಹೋಗಬೇಕು.

ಬೀದರ್‌ನಲ್ಲಿ ನಮ್ಮ ಬಿಡಾರ ಹಳೆಯ ಊರಿನ ಕೋಟೆಗೋಡೆಯಿಂದ ತುಸು ಹೊರಗಿದ್ದ ಎರಡಂತಸ್ತಿನ ಮನೆ. ಮೇಲಿನ ಕೋಣೆಗಳು ಅತಿಥಿಗಳಿಗೆ, ಕೆಳಗೆ ಅವರ ಸಂಸಾರ. ಹಾಸಿಗೆ ಶುಭ್ರ, ಬಿಸಿನೀರು ಸದಾ ಉಂಟು, ಸ್ನಾನದ ಮನೆ ಕೋಣೆಗೇ ಸೇರಿಕೊಂಡಿದೆ. ಬೀದರ್ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ, ನಮ್ಮ ಕಲಬುರಗಿ ಸುಮಾರು 450 ಮೀಟರ್. ಆ ವ್ಯತ್ಯಾಸ ಸಂಜೆಯ ಗಾಳಿಯಲ್ಲಿ ಗೊತ್ತಾಗುತ್ತದೆ; ಮಾರ್ಚ್ ಕೊನೆಯಲ್ಲೂ ಅವ್ವ ಮಾಳಿಗೆಯ ಮೇಲೆ ಕುಳಿತು ಸೆರಗು ಹೊದ್ದುಕೊಂಡರು.

ಬೆಳಗಿನ ನಾಷ್ಟಾ ಮಾತ್ರ ನನ್ನನ್ನು ನೋಯಿಸಿತು. ಸುಟ್ಟ ಬ್ರೆಡ್ಡು, ಜಾಮು, ಆಮ್ಲೆಟ್ಟು. ಕೆಳಗಿನ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಮೇಲಕ್ಕೆ ಕೇಳುತ್ತಿತ್ತು. ಕೇಳಿದರೆ, ಅದು ಮನೆಯವರಿಗೆ ಮಾಡಿದ್ದು, ಹೊರಗಿನಿಂದ ಬಂದವರು ರೊಟ್ಟಿ ತಿನ್ನುವುದಿಲ್ಲ ಎಂದರು. ಜೋಳ ಬೆಳೆಯುವ ನಾಡಿನಲ್ಲಿ ಅತಿಥಿಗೆ ಜೋಳದ ರೊಟ್ಟಿ ಕೊಡಲು ಸಂಕೋಚ ಪಡುವ ಈ ಸ್ಥಿತಿ ಹೇಗೆ ಬಂತು? ಬೆಂಗಳೂರಿನವರು ಬೀದರ್‌ವರೆಗೆ ಬರುವುದು ಬ್ರೆಡ್ಡು ತಿನ್ನುವುದಕ್ಕಲ್ಲ. ಮುಂದಿನ ಸಲ ಕೋಣೆ ಕಾಯ್ದಿರಿಸುವಾಗಲೇ ಹೇಳಿದೆವು. ಆಗ ಆ ಮನೆಯ ಹಿರಿಯ ತಾಯಿ ತಾವೇ ಒಲೆಯ ಮುಂದೆ ಕುಳಿತು ಬಿಸಿ ರೊಟ್ಟಿ, ಪುಂಡಿಪಲ್ಯ, ಅಗಸಿ ಹಿಂಡಿ ಬಡಿಸಿದರು. ಕೈಗುಣ ಇತ್ತು, ಕೇಳುವವರು ಇರಲಿಲ್ಲ ಅಷ್ಟೇ.

ಹೊರಗಿನ ಊಟದಲ್ಲಿ ಬೀದರ್‌ಗೆ ಬೇರೆಯೇ ಬಲವಿದೆ. ಹಳೆಯ ಊರಿನಲ್ಲಿ ಬೆಳಗ್ಗೆ ನಿಹಾರಿ, ತಂದೂರಿನಿಂದ ಆಗಷ್ಟೇ ತೆಗೆದ ನಾನ್, ಮಧ್ಯಾಹ್ನ ಬಿರಿಯಾನಿ. ಹೈದರಾಬಾದಿನಲ್ಲಿ ಹೆಸರಾದ ಕಲ್ಯಾಣಿ ಬಿರಿಯಾನಿಯ ಹೆಸರೂ ಇದೇ ಜಿಲ್ಲೆಯ ಬಸವಕಲ್ಯಾಣದ ನವಾಬರಿಂದ ಬಂದದ್ದು. ಸಸ್ಯಾಹಾರಿಯಾದ ಅವ್ವನಿಗೆ ಹಿಡಿಸಿದ್ದು ನಾನಕ್ ಝೀರಾ ಗುರುದ್ವಾರದ ಲಂಗರ್. ಸಾಲಿನಲ್ಲಿ ನೆಲದ ಮೇಲೆ ಕುಳಿತು ಉಂಡ ದಾಲ್, ರೋಟಿ. ಜಾತಿ ಕೇಳದ, ಹಣ ಕೇಳದ ಪಂಕ್ತಿ. ನಮ್ಮ ಮಠಗಳ ದಾಸೋಹ ನೆನಪಾಯಿತು ಎಂದು ಅವ್ವ ಮನೆಗೆ ಮರಳಿದ ಮೇಲೂ ಹೇಳುತ್ತಿದ್ದರು.

ನೋಡುವ ವಿಷಯಕ್ಕೆ ಬಂದರೆ ಸುರಪುರ ಬೀದರ್‌ಗೆ ಸರಿಸಾಟಿಯಲ್ಲ. ಬೀದರ್ ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿಗೆ ಮುತ್ತಿನ ಚಿಪ್ಪನ್ನು ಕೂಡಿಸಿದ ಕೆಲಸವಿದೆ. ಬಾಗಿಲಿಗೆ ಬೀಗವಿದ್ದರೆ ಸುಮ್ಮನೆ ಹಿಂತಿರುಗಬೇಡಿ, ಅಲ್ಲಿನ ಸಿಬ್ಬಂದಿಯನ್ನು ವಿಚಾರಿಸಿ. 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಮುಂಭಾಗದಲ್ಲಿ ನೀಲಿ ಹೆಂಚುಗಳ ತುಣುಕುಗಳು ಇನ್ನೂ ಬಿಸಿಲಿಗೆ ಹೊಳೆಯುತ್ತವೆ. ಅಷ್ಟೂರಿನ ಬಹಮನಿ ಸಮಾಧಿಗಳಿಗೆ ಸಂಜೆಯಲ್ಲಿ ಹೋಗಿ. ಅಹ್ಮದ್ ಷಾ ವಲಿಯ ಗುಮ್ಮಟದ ಒಳಗೋಡೆಯ ಬಣ್ಣ ಮತ್ತು ಚಿನ್ನದ ಅಕ್ಷರಗಳಿಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು, ಅವಸರ ಮಾಡಬೇಡಿ. ಈ ಸುಲ್ತಾನನ ಉರುಸಿಗೆ ನಮ್ಮ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ, ಉರುಸು ನಡೆಸುವವರೂ ಅವರೇ. ಇದನ್ನು ಮಗಳಿಗೆ ಆ ಸಮಾಧಿಯ ಮುಂದೆಯೇ ನಿಂತು ಹೇಳಿದೆ. ಶಾಲೆಯ ಪುಸ್ತಕದಲ್ಲಿ ಓದಿದ್ದಕ್ಕಿಂತ ಅವಳಿಗೆ ಅದು ಹೆಚ್ಚು ನಾಟಿತು.

ಹಳೆಯ ಊರಿನ ನಡುವಿನ ಚೌಬಾರಾ ಗೋಪುರದ ಹತ್ತಿರದ ಓಣಿಗಳಲ್ಲಿ ಬಿದರಿ ಕೆಲಸಗಾರರು ಕುಳಿತಿರುತ್ತಾರೆ. ಸತುವು ಮತ್ತು ತಾಮ್ರದ ಮಿಶ್ರಲೋಹದ ಪಾತ್ರೆಯ ಮೇಲೆ ಉಳಿಯಿಂದ ಗೆರೆ ಕೊರೆದು, ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿ ದ್ರಾವಣವನ್ನು ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕೊಳ್ಳದಿದ್ದರೂ ಯಾರೂ ಗದರುವುದಿಲ್ಲ. ಆದರೆ ಕೊಳ್ಳಿ, ಚಿಕ್ಕದೊಂದು ಪದಕವನ್ನಾದರೂ. ಝರಣಿ ನರಸಿಂಹನ ಗುಹೆಗೆ ಅವ್ವ ಬರಲಿಲ್ಲ. ಎದೆಮಟ್ಟದ ನೀರಿನಲ್ಲಿ ನಡೆಯಬೇಕಾದ ಕಾರಣ ವಯಸ್ಸಾದವರಿಗೂ ಚಿಕ್ಕ ಮಕ್ಕಳಿಗೂ ಅದು ತಕ್ಕ ಜಾಗವಲ್ಲ.

ಸುರಪುರದಲ್ಲಿ ಬೋರ್ಡು ಹಾಕಿಕೊಂಡ ಹೋಮ್‌ಸ್ಟೇ ನಮಗೆ ಕಾಣಲಿಲ್ಲ. ಪರಿಚಯದವರ ಮೂಲಕ ಸಿಕ್ಕದ್ದು ಬೆಟ್ಟದ ಬುಡದ ಹಳೆಯ ಕಲ್ಲಿನ ಮನೆ: ದಪ್ಪ ಗೋಡೆ, ನಡುವೆ ಅಂಗಳ, ಮುಂದಿನ ಪಡಸಾಲೆಯ ಪಕ್ಕದ ಕೋಣೆ ನಮ್ಮದು. ಸ್ನಾನದ ಮನೆ ಅಂಗಳದ ಆಚೆ, ಬಿಸಿನೀರು ಹಂಡೆಯದು. ರಾತ್ರಿ ಎದ್ದು ಹೋಗಬೇಕಾದ ವಯಸ್ಸಾದವರಿಗೆ ಇದು ತೊಂದರೆಯೇ, ಅವ್ವನಿಗೆ ಆಯಿತು. ದರದಲ್ಲಿ ಮಾತ್ರ ಬೀದರ್‌ನ ಅರ್ಧ, ಅದೂ ರಾತ್ರಿಯೂಟ ಸೇರಿ.

ಆ ರಾತ್ರಿಯೂಟಕ್ಕಾಗಿ ನಾನು ಸ್ನಾನದ ಮನೆಯ ಮಾತನ್ನೇ ಬಿಡುತ್ತೇನೆ. ಸಜ್ಜೆ ರೊಟ್ಟಿ, ಒತ್ತಿದರೆ ಎಣ್ಣೆ ಬಿಡುವ ತುಂಬಗಾಯಿ ಬದನೆಕಾಯಿ, ತೊಗರಿ ಬೇಳೆಯ ಗಟ್ಟಿ ಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಕೆನೆಮೊಸರು. ಮನೆಯಾಕೆ ಪಕ್ಕದಲ್ಲೇ ನಿಂತು, ‘ಇನ್ನೊಂದು ಹಾಕಲೇನು, ಅಣ್ಣಾ?’ ಎನ್ನುತ್ತಲೇ ಹಾಕಿಬಿಡುತ್ತಿದ್ದರು. ಬೆಳಗ್ಗೆ ಚುರುಮುರಿ ಸುಸಲಾ, ಜೊತೆಗೆ ಮುಟಗಿ. ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಎಣ್ಣೆಯೊಡನೆ ಕುಟ್ಟಿ ಉಂಡೆ ಕಟ್ಟಿದ್ದನ್ನು ನನ್ನ ಮಗಳು ಅಲ್ಲಿಯೇ ಮೊದಲು ತಿಂದದ್ದು. ನಗರದ ನಮ್ಮ ಅಡುಗೆಮನೆಯಿಂದ ಅದು ಯಾವಾಗಲೋ ಮಾಯವಾಗಿತ್ತು; ಈಗ ವಾರಕ್ಕೊಮ್ಮೆಯಾದರೂ ಅವಳು ಕೇಳುತ್ತಾಳೆ. ಊರಿನ ಹೋಟೆಲುಗಳಲ್ಲಿ ಮಿರ್ಚಿ ಭಜಿ, ಇಡ್ಲಿ, ಚಹಾ ಚೆನ್ನಾಗಿವೆ. ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಸುರಪುರದಲ್ಲಿ ನೋಡಲು ಏನೂ ಇಲ್ಲ ಎನ್ನುವವರ ಮಾತನ್ನು ಒಪ್ಪಲಾರೆ. ಬೆಟ್ಟದ ಮೇಲಿನ ಟೇಲರ್ ಮಂಜಿಲ್‌ನಿಂದ ಇಡೀ ಊರು ಕಾಣುತ್ತದೆ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1840ರ ದಶಕದಲ್ಲಿ ಇಲ್ಲಿನ ಆಡಳಿತ ನೋಡಿಕೊಳ್ಳಲು ಬಂದವನು. ಅವನ ಕಣ್ಣೆದುರು ಬೆಳೆದ ಬಾಲಕ ರಾಜಾ ವೆಂಕಟಪ್ಪ ನಾಯಕನೇ 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತ. ಆ ಎತ್ತರದಲ್ಲಿ ನಿಂತು ಈ ಕಥೆ ನೆನೆದಾಗ ಕೆಳಗಿನ ಬೀದಿಗಳು ಬೇರೆಯಾಗಿಯೇ ಕಾಣುತ್ತವೆ. ಚಳಿಗಾಲದಲ್ಲಾದರೆ ಬೆಳಗಾಗುವ ಮೊದಲೇ ಎದ್ದು ಬೋನಾಳ ಕೆರೆಗೆ ಹೋಗಿ, ವಲಸೆ ಹಕ್ಕಿಗಳು ಇಳಿದಿರುತ್ತವೆ. ಕೃಷ್ಣಾ ದಡದ ತಿಂಥಣಿ ಮೌನೇಶ್ವರ ಅಲ್ಲಿಂದ ದೂರವಲ್ಲ.

ಮೂರನೆಯದಾಗಿ ಚಿಂಚೋಳಿಯ ಕಾಡನ್ನೂ ನೋಡಿದೆವು. ಮಳೆಗಾಲದ ಚಂದ್ರಂಪಳ್ಳಿ ಜಲಾಶಯ ಕಣ್ತುಂಬುವಷ್ಟು ಚೆಂದ. ಆದರೆ ಬುತ್ತಿ ಕಟ್ಟಿಕೊಂಡು ಹೋಗದಿದ್ದರೆ ಹಸಿವಿನಲ್ಲೇ ಮರಳಬೇಕು. ಹಗಲಿನಲ್ಲಿ ಹೋಗಿ ಬರಲು ಸರಿ, ಉಳಿಯಲು ನಾನು ಹೇಳುವುದಿಲ್ಲ.

ಮೊಣಕಾಲು ನೋವಿನ ಹಿರಿಯರು ಜೊತೆಗಿದ್ದರೆ ಅಥವಾ ಎರಡು ರಾತ್ರಿ ಕೈಯಲ್ಲಿದ್ದರೆ ಬೀದರ್. ಒಂದೇ ರಾತ್ರಿ, ನಡೆಯಬಲ್ಲ ಕಾಲು, ಹಸಿದ ಹೊಟ್ಟೆ ಇದ್ದರೆ ಸುರಪುರ. ಎಲ್ಲಿಗೇ ಹೋದರೂ ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗಿ. ಬೀದರ್‌ನಲ್ಲಿ ಕೋಣೆಗೆ ಮುಂಗಡ ಕೊಡುವಾಗ ರೊಟ್ಟಿ, ಪಲ್ಯ ಬೇಕೆಂದು ಆಗಲೇ ಹೇಳಿ; ಸುರಪುರದಲ್ಲಿ ಎಷ್ಟು ಜನ ಬರುತ್ತೀರಿ ಎಂಬುದನ್ನು ಎರಡು ದಿನ ಮೊದಲು ತಿಳಿಸಿದರೆ ಸಾಕು, ಉಳಿದದ್ದನ್ನು ಆ ತಾಯಿ ನೋಡಿಕೊಳ್ಳುತ್ತಾರೆ.