ಕಂಪ್ಯೂಟರಿಂದ ಫೋನಿನ ಆ್ಯಪ್ ತೆಗೆಯೋಕೆ ಹೋಗಿ ಚಿಕ್ಕಪ್ಪನ ಆಲೆಮನೆ ಲೆಕ್ಕ ಕಳೆದೆ

ಫೋನಿಗೆ ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿದರೆ ಸಾಕು, ಬೇಡದ ಆ್ಯಪ್‌ಗಳನ್ನೆಲ್ಲ ಒಂದೇ ಸಲ ತೆಗೆದುಹಾಕ್ತೀವಿ ಅನ್ನೋ ಸಾಫ್ಟ್‌ವೇರ್‌ಗಳಿವೆಯಲ್ಲ, ಅಂಥದ್ದನ್ನು ಇಳಿಸಿಕೊಳ್ಳೋ ಮುಂಚೆ ಇದನ್ನೊಮ್ಮೆ ಓದಿ. ನಾನು ಬಳಸಿದ್ದರ ಹೆಸರು ಹೇಳೋದಿಲ್ಲ. ಹುಡುಕಿದರೆ ಅದೇ ಜಾತಿಯವು ಹತ್ತಾರು ಸಿಗ್ತವೆ, ಹೆಸರು ಕಟ್ಟಿಕೊಂಡು ಪ್ರಯೋಜನ ಇಲ್ಲ.

ನನ್ನದು ಮಂಡ್ಯದಲ್ಲಿ ಸಣ್ಣ ಜೆರಾಕ್ಸ್ ಅಂಗಡಿ. ಪಹಣಿ, ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಸೈಜ್ ಫೋಟೋ, ಇಷ್ಟೇ. ಆದರೂ ಊರವರ ಲೆಕ್ಕದಲ್ಲಿ ನಾನು 'ಕಂಪ್ಯೂಟರ್ ಗೊತ್ತಿರೋ ಹುಡ್ಗ'. ಒಂದು ಭಾನುವಾರ ಚಿಕ್ಕಪ್ಪ ಬಂದು ಫೋನು ಟೇಬಲ್ ಮೇಲಿಟ್ಟರು. "ಲೋ ಮಗ, ಭಾಳ ಸ್ಲೋ ಆಗ್ಬುಟ್ಟದೆ ಕಣ್ಲಾ. ಫೋಟೋ ತೆಗೆಯಕ್ಕೋದ್ರೆ ಜಾಗ ಇಲ್ಲ ಅಂತದೆ. ವಸಿ ನೋಡು."

ಚಿಕ್ಕಪ್ಪ ಊರಲ್ಲಿ ಆಲೆಮನೆ ನಡೆಸ್ತಾರೆ. ಯಾರ ಗದ್ದೆಯಿಂದ ಎಷ್ಟು ಟನ್ ಕಬ್ಬು ಬಂತು, ಯಾವ ಆಳಿಗೆ ಎಷ್ಟು ಅಡ್ವಾನ್ಸ್ ಹೋಯ್ತು, ಮಂಡಿಗೆ ಎಷ್ಟು ಅಚ್ಚು ಬೆಲ್ಲ ಹೋಯ್ತು, ಎಲ್ಲವನ್ನೂ ಎರಡು ವರ್ಷದಿಂದ ಫೋನಿನ ಒಂದು ಸಣ್ಣ ಲೆಕ್ಕದ ಆ್ಯಪ್‌ನಲ್ಲಿ ಬರೆದಿಡ್ತಿದ್ದರು. ಜಿಮೇಲ್ ಕೇಳಲ್ಲ, ಪಾಸ್‌ವರ್ಡ್ ಕೇಳಲ್ಲ, ನೆಟ್ ಇಲ್ಲದಿದ್ದರೂ ನಡೆಯುತ್ತೆ. ಅವರಿಗೆ ಅದು ಹಿಡಿಸಿದ್ದೇ ಅದಕ್ಕೆ. ನೆಟ್ ಕೇಳದ ಆ್ಯಪ್‌ನ ಲೆಕ್ಕ ಆ ಫೋನು ಬಿಟ್ಟು ಬೇರೆಲ್ಲೂ ಇಲ್ಲದೇ ಇರಬಹುದು ಅನ್ನೋದು ಆ ದಿನ ನನ್ನ ತಲೆಗೆ ಹೊಳೀಲಿಲ್ಲ.

ಕೈಯಲ್ಲಿ ಒಂದೊಂದೇ ಆ್ಯಪ್ ಒತ್ತಿ ತೆಗೆಯೋದು ಬೇಜಾರು ಅನ್ನಿಸಿ ಕಂಪ್ಯೂಟರಿಗೆ ಒಂದು 'ಆ್ಯಪ್ ಮ್ಯಾನೇಜರ್' ಇಳಿಸಿದೆ. ಅದು ಹೇಳಿದ ಹಾಗೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ ಡೆವಲಪರ್ ಆಯ್ಕೆಗಳನ್ನು ತೆರೆದೆ, ಕೇಬಲ್ ಮೂಲಕ ಕಂಪ್ಯೂಟರು ಫೋನಿಗೆ ಆದೇಶ ಕೊಡೋಕೆ ಬಿಡೋ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿದೆ. ಈ ಕಂಪ್ಯೂಟರನ್ನು ನಂಬಬಹುದಾ ಅಂತ ಫೋನು ಕೇಳಿದಾಗ 'ಯಾವಾಗಲೂ ಅನುಮತಿಸು' ಅನ್ನೋದಕ್ಕೂ ಟಿಕ್ ಹಾಕಿದೆ. ದಿನಕ್ಕೆ ಐವತ್ತು ಜನ ಪೆನ್‌ಡ್ರೈವ್ ಚುಚ್ಚೋ ಅಂಗಡಿ ಕಂಪ್ಯೂಟರು ಅದು! ಒಮ್ಮೆ ಹಾಗೆ ಒಪ್ಪಿಕೊಂಡರೆ, ಆಮೇಲೆ ಆ ಕಂಪ್ಯೂಟರಿಗೆ ಕೇಬಲ್ ಹಾಕಿದಾಗ ಫೋನು ಪ್ರತಿ ಸಲ ಕೇಳೋದಿಲ್ಲ. ಆ್ಯಪ್ ಹಾಕಬಹುದು, ತೆಗೆಯಬಹುದು, ಒಳಗಿನ ಫೋಟೋ ಕಡತ ನಕಲು ಮಾಡಿಕೊಳ್ಳಬಹುದು.

ಪಟ್ಟಿ ಬಂತು. 200ಕ್ಕೂ ಹೆಚ್ಚು ಸಾಲು. ಅದರಲ್ಲಿ 47ಕ್ಕೆ ಆ ಸಾಫ್ಟ್‌ವೇರೇ ಕೆಂಪು ಬಣ್ಣ ಬಳಿದು 'ಅನಗತ್ಯ' ಅಂತ ಗುರುತು ಹಾಕಿತ್ತು. ಕೆಳಗೆ 'ಬ್ಯಾಕಪ್ ತೆಗೆದು ಅಳಿಸು' ಅನ್ನೋ ಹಸಿರು ಬಟನ್. ಬ್ಯಾಕಪ್ ಇದೆಯಲ್ಲ, ಇನ್ನೇನು ಭಯ ಅಂದುಕೊಂಡು ಒತ್ತಿಯೇ ಬಿಟ್ಟೆ. ಪಟ್ಟಿಯನ್ನು ಪೂರ್ತಿ ಓದಲಿಲ್ಲ. ಓದಿದ್ದರೆ ಇಪ್ಪತ್ತನೆಯದೋ ಮೂವತ್ತನೆಯದೋ ಸಾಲಿನಲ್ಲಿ ಆ ಲೆಕ್ಕದ ಆ್ಯಪ್ ಕಾಣ್ತಿತ್ತು. ಆಳುಗಳು ಊರಿಗೆ ಹೋಗಿ ಎರಡು ತಿಂಗಳಿಂದ ಆಲೆಮನೆ ನಿಂತಿತ್ತು, ಹಾಗಾಗಿ ಚಿಕ್ಕಪ್ಪ ಅದನ್ನು ತೆರೆದಿರಲಿಲ್ಲ. ಬಳಸದೆ ಇರೋದೆಲ್ಲ ಬೇಡದ್ದು ಅನ್ನೋದು ಆ ಸಾಫ್ಟ್‌ವೇರಿನ ಲೆಕ್ಕಾಚಾರ. ಕೊಪ್ಪರಿಗೆ ಯಾವಾಗ ಒಲೆ ಮೇಲೆ ಏರುತ್ತೆ, ಯಾವಾಗ ಇಳಿಯುತ್ತೆ ಅಂತ ಅದಕ್ಕೇನು ಗೊತ್ತು?

ಮೊದಲ ಪೆಟ್ಟು ಐದೇ ನಿಮಿಷಕ್ಕೆ ಬಿತ್ತು. ಫೋನು ರೀಸ್ಟಾರ್ಟ್ ಆಗಿ ಪಾಸ್‌ವರ್ಡ್ ಕೇಳ್ತು, ಕೀಬೋರ್ಡೇ ಬರಲಿಲ್ಲ. ಚಿಕ್ಕಪ್ಪನ ಮಗ ಹಾಕಿಕೊಟ್ಟಿದ್ದ ಪಾಸ್‌ವರ್ಡು ಅಂಕಿಯದಲ್ಲ, ಮನೆಯ ಹೋರಿ ಹೆಸರು. ಖಾಲಿ ಪಟ್ಟಿ ಮಿಣಮಿಣ ಅಂತಿದೆ, ಟೈಪ್ ಮಾಡೋಕೆ ಅಕ್ಷರಗಳೇ ಇಲ್ಲ. ಆಗಿದ್ದೇನು ಅಂದರೆ, ಅಳಿಸಿದ 47ರಲ್ಲಿ ಫೋನಿನ ಜೊತೆಗೇ ಬಂದಿದ್ದ ಕೀಬೋರ್ಡೂ ಇತ್ತು. ಅವರು ಬೇರೆ ಇಳಿಸಿಕೊಂಡಿದ್ದ ಕನ್ನಡ ಕೀಬೋರ್ಡ್ ಇತ್ತಲ್ಲ ಅಂತೀರಾ? ಫೋನು ಆನ್ ಆದಮೇಲೆ ಮೊದಲ ಸಲ ಪಾಸ್‌ವರ್ಡ್ ಹೊಡೆಯೋ ತನಕ ಒಳಗಿನ ಸಂಗ್ರಹ ಬೀಗ ಹಾಕಿಕೊಂಡೇ ಇರುತ್ತೆ. ಆ ಹೊತ್ತಿನಲ್ಲಿ ಏಳೋ ಹಾಗೆ ಮಾಡಿರದ ಆ್ಯಪ್‌ಗಳು ಏಳೋದೇ ಇಲ್ಲ, ಆ ಕೀಬೋರ್ಡೂ ಏಳಲಿಲ್ಲ. ಬೀಗ ತೆಗೆಯೋಕೆ ಕೀಬೋರ್ಡ್ ಬೇಕು, ಕೀಬೋರ್ಡ್ ಬರೋಕೆ ಬೀಗ ತೆಗೀಬೇಕು.

ಚಿಕ್ಕಪ್ಪ ಎದುರಿಗೇ ಕೂತಿದ್ದಾರೆ. "ಆಯ್ತೇನ್ಲಾ?" ಅಂದರು. "ಆಯ್ತು ಚಿಕ್ಕಪ್ಪ, ಟೀ ಕುಡೀರಿ" ಅಂದೆ. ಕೊನೆಗೆ ಪಕ್ಕದ ಮೊಬೈಲ್ ಅಂಗಡಿಯಿಂದ ಒಂದು ಒಟಿಜಿ ಕೇಬಲ್ ಎರವಲು ತಂದು, ಅಂಗಡಿ ಕಂಪ್ಯೂಟರಿನ ಕೀಬೋರ್ಡನ್ನೇ ಕಿತ್ತು ಫೋನಿಗೆ ಸಿಕ್ಕಿಸಿ ಹೋರಿ ಹೆಸರು ಟೈಪ್ ಮಾಡಿದೆ. ತೆರೆದುಕೊಂಡಿತು. ಕೆಲವು ಫೋನಲ್ಲಿ ಒಟಿಜಿಯನ್ನೇ ಮೊದಲು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬೇಕು. ಅಂಥದ್ದಾಗಿದ್ದರೆ ಇದೂ ನಡೀತಿರಲಿಲ್ಲ.

ಎರಡನೆಯ ಪೆಟ್ಟಿಗೆ ಮಾತ್ರ ಒಟಿಜಿ ಕೇಬಲ್ ಇರಲಿಲ್ಲ. ಫೋನು ಸರಿಹೋಯ್ತಲ್ಲ ಅಂತ ಚಿಕ್ಕಪ್ಪ ಲೆಕ್ಕ ನೋಡೋಕೆ ಹೋದರೆ ಆ್ಯಪೇ ಇಲ್ಲ. ಧೈರ್ಯವಾಗೇ ಇದ್ದೆ. ಬ್ಯಾಕಪ್ ಇದೆಯಲ್ಲ. ವಾಪಸ್ ಹಾಕೋ ಬಟನ್ ಒತ್ತಿದರೆ ದುಡ್ಡು ಕೇಳ್ತು! ಬ್ಯಾಕಪ್ ತೆಗೆಯೋದು ಪುಕ್ಕಟೆ, ವಾಪಸ್ ಕೊಡೋದಕ್ಕೆ ಕಾಸು. ಇರಲಿ ಅಂತ ಬ್ಯಾಕಪ್ ಫೋಲ್ಡರನ್ನೇ ತೆರೆದು ನೋಡಿದೆ. ಒಳಗೆ ಇದ್ದದ್ದು ಬರೀ ಎಪಿಕೆ ಫೈಲುಗಳು. ಅಂದರೆ ಪ್ಲೇ ಸ್ಟೋರಿನಲ್ಲಿ ಯಾರಿಗೆ ಬೇಕಾದರೂ ಸಿಗೋ ಆ ಖಾಲಿ ಆ್ಯಪ್. ಅದನ್ನೇ ಹಾಕಿದೆ. 'ಸ್ವಾಗತ, ನಿಮ್ಮ ಮೊದಲ ಖಾತೆ ಸೇರಿಸಿ' ಅಂತ ನಗುನಗುತ್ತ ತೆರೆದುಕೊಳ್ತು.

ಇದೇ ನಾನು ಹೇಳಬೇಕಾಗಿರೋ ಮುಖ್ಯ ಸಂಗತಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ತನ್ನದೇ ಒಂದು ಕೋಣೆ. ಪಕ್ಕದ ಆ್ಯಪ್ ಅದರೊಳಗೆ ಇಣುಕೋ ಹಾಗಿಲ್ಲ, ರೂಟ್ ಮಾಡದ (ಕಂಪನಿ ಹಾಕಿದ ಬೀಗ ತೆಗೆದು ಪೂರ್ತಿ ಹಿಡಿತ ತಗೊಳ್ಳದ) ಫೋನಿನಲ್ಲಿ ಕೇಬಲ್ ಹಾಕಿದ ಕಂಪ್ಯೂಟರೂ ಹಾಗೆಲ್ಲ ಒಳಗೆ ಹೋಗೋಕೆ ಆಗಲ್ಲ. ಮುಂಚೆ ಎಡಿಬಿ (ಕಂಪ್ಯೂಟರಿಂದ ಫೋನಿಗೆ ಆದೇಶ ಕಳಿಸೋ ಸಾಧನ) ಬ್ಯಾಕಪ್ ಅಂತ ಒಂದು ದಾರಿ ಇತ್ತು, ಎಲ್ಲ ಆ್ಯಪ್‌ಗೂ ಅಲ್ಲದಿದ್ದರೂ ಹಲವಕ್ಕೆ ನಡೀತಿತ್ತು. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ಈಚೆಗೆ, ಆ ಆವೃತ್ತಿಗೆ ಹೊಂದಿಸಿ ಮಾಡಿದ ಆ್ಯಪ್‌ಗಳ ಮಾಹಿತಿ ಆ ದಾರಿಯಲ್ಲೂ ಹೊರಗೆ ಬರೋದಿಲ್ಲ. ಅಂದಮೇಲೆ ಈ ಸಾಫ್ಟ್‌ವೇರ್‌ಗಳು 'ಆ್ಯಪ್ ಬ್ಯಾಕಪ್' ಅನ್ನೋದು ಏನನ್ನ? ಪಾತ್ರೆಯನ್ನ. ಬೆಲ್ಲವನ್ನಲ್ಲ. ನಾವು ಇಳಿಸಿಕೊಂಡ ಆ್ಯಪ್ ಅಳಿಸಿದ ಕ್ಷಣಕ್ಕೇ ಅದರ ಕೋಣೆಯೂ ಹೋಗುತ್ತೆ.

ಫೋನಿನ ಜೊತೆಗೇ ಬಂದ ಆ್ಯಪ್‌ಗಳ ಕತೆ ಬೇರೆ. ಅವನ್ನು ಹೀಗೆ ತೆಗೆದರೂ ಮೂಲ ಪ್ರತಿ ಸಿಸ್ಟಂ ಭಾಗದಲ್ಲಿ ಉಳಿದಿರುತ್ತೆ, ಬಳಕೆದಾರನ ಕಣ್ಣಿಗೆ ಮಾತ್ರ ಇಲ್ಲ. ಅದಕ್ಕೇ ಕೀಬೋರ್ಡನ್ನು ಕಾಸು ಕೊಡದೆ ವಾಪಸ್ ತಂದೆ. ಎಡಿಬಿ ಸಿಗೋ, ಗೂಗಲ್ಲೇ ಪುಕ್ಕಟೆ ಕೊಡೋ ಪ್ಲಾಟ್‌ಫಾರ್ಮ್ ಟೂಲ್ಸ್ ಇಳಿಸಿ, ಎಡಿಬಿಯಲ್ಲಿ 'ಇನ್‌ಸ್ಟಾಲ್ ಎಗ್ಸಿಸ್ಟಿಂಗ್' ಅನ್ನೋ ಆದೇಶಕ್ಕೆ ಕೀಬೋರ್ಡಿನ ಪ್ಯಾಕೇಜ್ ಹೆಸರು (ಫೋನು ಒಳಗೆ ಆ ಆ್ಯಪನ್ನು ಗುರುತಿಸೋ ಹೆಸರು) ಸೇರಿಸಿ ಹೊಡೆದರೆ ಮುಗೀತು. ಆ ಸಾಫ್ಟ್‌ವೇರು ದುಡ್ಡು ಕೇಳ್ತಿದ್ದ ಕೆಲಸ ಇದು, ಒಂದು ಸಾಲು.

ಇನ್ನೊಂದು ಹೇಳೋದು ಮರೆತೆ. ಅದು ನನ್ನನ್ನು ಕೇಳದೆಯೇ ಫೋನಿಗೆ ತನ್ನದೊಂದು 'ಸಹಾಯಕ' ಆ್ಯಪ್ ಸೇರಿಸಿತ್ತು. ಅದಕ್ಕೆ ಎಸ್‌ಎಂಎಸ್ ಓದೋ ಅನುಮತಿ ಬೇಕಂತೆ, ಆಕ್ಸೆಸಿಬಿಲಿಟಿ ಅನುಮತಿಯೂ ಬೇಕಂತೆ. ಆಕ್ಸೆಸಿಬಿಲಿಟಿ ಕೊಟ್ಟರೆ ಪರದೆ ಮೇಲಿರೋದನ್ನು ಓದಬಹುದು, ನಮ್ಮ ಪರವಾಗಿ ಬಟನ್ನನ್ನೂ ಒತ್ತಬಹುದು. ಚಿಕ್ಕಪ್ಪನ ಫೋನಿನಲ್ಲಿ ಯುಪಿಐ ಇದೆ, ಮಂಡಿಯವರು ದುಡ್ಡು ಹಾಕೋದು ಅದಕ್ಕೇ. ಅಲ್ಲೊಂದು ಸ್ವಲ್ಪ ಬುದ್ಧಿ ಕೆಲಸ ಮಾಡ್ತು, ಕೊಡಲಿಲ್ಲ. ಆ ಆ್ಯಪ್ ಕಿತ್ತೆ, ಡೆವಲಪರ್ ಆಯ್ಕೆಗಳಲ್ಲಿ ಡಿಬಗ್ಗಿಂಗ್ ಅನುಮತಿಗಳನ್ನೆಲ್ಲ ರದ್ದು ಮಾಡಿ ಡಿಬಗ್ಗಿಂಗನ್ನೂ ಆಫ್ ಮಾಡಿದೆ. ಇವತ್ತೇ ನಿಮ್ಮ ಫೋನಲ್ಲೂ ನೋಡಿ, ಎಂದೋ ಆನ್ ಮಾಡಿ ಮರೆತಿದ್ದರೂ ಇರಬಹುದು.

ಇಷ್ಟೆಲ್ಲ ಮಾಡಿ ಖಾಲಿಯಾದ ಜಾಗ ಎಷ್ಟು ಗೊತ್ತಾ? 2 ಜಿಬಿ ಕೂಡ ಇಲ್ಲ. ಆಮೇಲೆ ನಿಧಾನವಾಗಿ ಕೂತು ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ನೋಡಿದರೆ, ಬೆಳಗಿನ ಶುಭೋದಯದ ವಿಡಿಯೋಗಳೇ 19 ಜಿಬಿ! ಅಲ್ಲೇ ದೊಡ್ಡ ಫೈಲುಗಳನ್ನು ಆರಿಸಿ ಅಳಿಸಿದೆ, ಫೋನು ಹಗುರಾಯ್ತು. ಆ್ಯಪ್ ಬೇಡ ಅನ್ನಿಸಿದರೂ ಪ್ಲೇ ಸ್ಟೋರಿನಲ್ಲಿ ಆರ್ಕೈವ್ ಅಂತ ಒಂದು ದಾರಿ ಇದೆ, ಆ್ಯಪ್‌ನ ದೊಡ್ಡ ಭಾಗ ಹೋಗುತ್ತೆ, ಒಳಗಿನ ಮಾಹಿತಿ ಉಳಿಯುತ್ತೆ. ಕೇಬಲ್ಲೇ ಬೇಕಿರಲಿಲ್ಲ.

ಚಿಕ್ಕಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬುಡ್ಲಾ, ವೇಬ್ರಿಡ್ಜ್ ಚೀಟಿ ಅವೆ" ಅಂದರು. ಮೂರು ಭಾನುವಾರ ಅವರ ಮನೆ ಜಗಲಿ ಮೇಲೆ ಕೂತು, ಬೆಲ್ಲದ ಜಿಗುಟು ಹತ್ತಿದ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ಉದ್ದನೆ ಪುಸ್ತಕಕ್ಕೆ ಬರೆದೆವು. ಕಬ್ಬಿನ ತೂಕ ಹೆಚ್ಚುಕಮ್ಮಿ ಸಿಕ್ಕಿತು. ಆಳುಗಳ ಅಡ್ವಾನ್ಸಿಗೆ ಚೀಟಿ ಇರಲಿಲ್ಲ, ಅವರು ಹೇಳಿದ್ದೇ ಲೆಕ್ಕ. ಒಬ್ಬ ಮಾತ್ರ ಫೋನ್ ಮಾಡಿ, ತನ್ನ ಹೆಸರಲ್ಲಿ ಚಿಕ್ಕಪ್ಪ ಬರೆದುಕೊಂಡಿದ್ದಕ್ಕಿಂತ 3,000 ಜಾಸ್ತಿ ಇದೆ ಅಂತ ತಾನೇ ಹೇಳಿದ. ಉಳಿದ ನಾಲ್ಕು ಜನರದ್ದು ಇನ್ನೂ ಹೊಂದಿಲ್ಲ.