ಹಾಲ್‌ಗೆ ಯಾವ್ದು ಸರಿ: ಪುಟ್ಟ ಗೇಮಿಂಗ್ ಪಿಸಿನಾ, ಪಿಎಸ್5ನಾ? ಎರಡೂ ಇಟ್ಕೊಂಡು ಆಡಿದ್ಮೇಲೆ ಬರೀತಿದೀನಿ

ನಮ್ಮನೆ ಹಾಲ್‌ನಲ್ಲಿ ಒಂದೇ ಟಿವಿಗೆ ಎರಡೂ ಕನೆಕ್ಟ್ ಆಗಿವೆ, ಒಂದು ಪೋರ್ಟಲ್ಲಿ ಪಿಎಸ್5 ಸ್ಲಿಮ್, ಅಂದ್ರೆ ಸೋನಿಯ ಪ್ಲೇಸ್ಟೇಷನ್ 5 ಗೇಮ್ ಕನ್ಸೋಲ್‌ನ ಚಿಕ್ಕ ಮಾಡೆಲ್, ಪಕ್ಕದ ಪೋರ್ಟಲ್ಲಿ ನಾನೇ ಜೋಡಿಸಿದ ಮಿನಿ ಐಟಿಎಕ್ಸ್ (ಚಿಕ್ಕ ಸೈಜಿನ) ಪಿಸಿ. ಯಾವ್ದು ತಗೊಳ್ಲಿ ಅಂತ ಕೇಳೋರೆಲ್ಲ ಮೊದ್ಲು ಎತ್ತೋ ಮಾತು ಎಫ್‌ಪಿಎಸ್ (ಸೆಕೆಂಡಿಗೆ ಬರೋ ಫ್ರೇಮ್) ಎಷ್ಟು ಬರತ್ತೆ, 4ಕೆ ಬರತ್ತಾ ಅಂತ. ನನ್ ಪ್ರಕಾರ ಹಾಲ್ ವಿಷ್ಯದಲ್ಲಿ ಅದು ಮೊದಲ್ನೇ ಪ್ರಶ್ನೆನೇ ಅಲ್ಲ. ರೂಮಲ್ಲಿ ಟೇಬಲ್ ಮೇಲಿರೋ ಪಿಸಿ ನಂದು, ಆದ್ರೆ ಹಾಲ್‌ನಲ್ಲಿರೋದು ಮನೆಯವರೆಲ್ಲರದ್ದು, ಅಕ್ಕನ ಮಗ ರಜಕ್ಕೆ ಬಂದಾಗ ನಾನು ಆಫೀಸಲ್ಲಿದ್ರೂ ಅವನು ಹಾಕ್ಕೊಂಡು ಆಡೋ ಹಾಗಿರ್ಬೇಕು, ಆಡಿ ಮುಗಿಸಿದ ತಕ್ಷಣ ಅಮ್ಮ ಸೀರಿಯಲ್‌ಗೆ ಚಾನೆಲ್ ಹಾಕ್ಕೊಳ್ಳೋ ಹಾಗಿರ್ಬೇಕು. ತಂದವನು ಮನೇಲಿ ಇಲ್ದಿದ್ದಾಗ್ಲೂ ನಡಿಯತ್ತಾ, ನಾನು ಇವೆರಡನ್ನ ಅಳೆದಿದ್ದು ಮುಖ್ಯವಾಗಿ ಇದರಲ್ಲೇ.

ಮೊದ್ಲು ದುಡ್ಡಿನ ಲೆಕ್ಕ ಮುಗಿಸ್ಬಿಡ್ತೀನಿ. ಪಿಎಸ್5 ಸ್ಲಿಮ್ 2024ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದಾಗ ಡಿಸ್ಕ್ ಇರೋದಕ್ಕೆ 54,990, ಡಿಜಿಟಲ್‌ಗೆ 44,990 ರೂಪಾಯಿ. ಹಬ್ಬದ ಸೇಲ್‌ಗಳಲ್ಲಿ ಒಂದಷ್ಟು ಇಳಿಯತ್ತೆ. ಪಿಸಿ ಲೆಕ್ಕ ಬೇರೆ. ನಂದ್ರಲ್ಲಿ ಇರೋದು ರೈಝನ್ 5 5600 ಪ್ರೊಸೆಸರ್, 8 ಜಿಬಿ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ್‍ಯಾಮ್, 1 ಟಿಬಿ ಎಸ್‌ಎಸ್‌ಡಿ, ಅಂದ್ರೆ ದೊಡ್ಡ ಕ್ಯಾಬಿನೆಟ್‌ನಲ್ಲಿ ಹಾಕಿದ್ರೆ ಮಧ್ಯಮ ದರ್ಜೆ ಅನ್ನಿಸ್ಕೊಳ್ಳೋ ಸಾಮಾನು. ಅದೇ ಸಾಮಾನನ್ನ ಚಿಕ್ಕ ಡಬ್ಬದಲ್ಲಿ ಕೂರಿಸೋಕೆ ಹೋದ್ರೆ ಬೋರ್ಡು 17 ಸೆಂಟಿಮೀಟರ್ ಚೌಕದ ಐಟಿಎಕ್ಸ್ ಆಗ್ಬೇಕು, ಪವರ್ ಸಪ್ಲೈ ಎಸ್‌ಎಫ್‌ಎಕ್ಸ್ ಅನ್ನೋ ಚಿಕ್ಕ ಸೈಜಿಂದು ಆಗ್ಬೇಕು, ಕೂಲರ್ ಗಿಡ್ಡಕ್ಕಿರ್ಬೇಕು, ಇವೆಲ್ಲಕ್ಕೂ ಮಾಮೂಲಿ ಸೈಜಿಗಿಂತ ರೇಟ್ ಜಾಸ್ತಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸುತ್ತಿದ್ರೂ ಐಟಿಎಕ್ಸ್ ಬೋರ್ಡ್ ಕೇಳಿದ ತಕ್ಷಣ ತೆಗೆದು ಕೊಡೋ ಅಂಗಡಿ ಕಮ್ಮಿ, ಆರ್ಡರ್ ಹಾಕಿ ತರಿಸ್ತೀವಿ ಸರ್ ಅಂತಾರೆ. ಎಲ್ಲಾ ಸೇರಿ 80 ಸಾವಿರ ದಾಟ್ತು, ಅದ್ರಲ್ಲಿ ಕಂಟ್ರೋಲರ್ ಇನ್ನೂ ಸೇರಿಲ್ಲ. ಮೇಲಾಗಿ 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಹೋಗ್ತಿರೋದ್ರಿಂದ ರ್‍ಯಾಮ್ ರೇಟು ವಿಪರೀತ ಏರಿದೆ, ಇವತ್ತು ಇದೇ ಪಿಸಿ ಕಟ್ಟೋಕೆ ಹೋದ್ರೆ ಇನ್ನೂ ಜಾಸ್ತಿನೇ ಬೀಳತ್ತೆ.

ಸೈಜ್ ವಿಷ್ಯದಲ್ಲಿ ಚಿಕ್ಕ ಪಿಸಿ ಅನ್ನೋ ಮಾತನ್ನ ಸ್ವಲ್ಪ ಹುಷಾರಾಗಿ ತಗೋಬೇಕು. ತುಂಬಾ ಜನ ಬಳಸೋ ಕೂಲರ್ ಮಾಸ್ಟರ್ ಎನ್‌ಆರ್200 ಕೇಸು 18 ಲೀಟರ್ ಚಿಲ್ಲರೆ. ಪಿಎಸ್5 ಸ್ಲಿಮ್ ಹತ್ತತ್ರ 7 ಲೀಟರ್, 3.2 ಕೆಜಿ, ಪವರ್ ಸಪ್ಲೈನೂ ಒಳಗೇ ಇದೆ. 10 ಲೀಟರ್ ಒಳಗಿನ ಪಿಸಿ ಕೇಸುಗಳೂ ಇವೆ, ಆದ್ರೆ ಅಷ್ಟು ಚಿಕ್ಕದಕ್ಕೆ ಹೋದ ಹಾಗೆ ಬಿಸಿ ಮತ್ತೆ ಫ್ಯಾನ್ ಸದ್ದು ಜಾಸ್ತಿ ಆಗತ್ತೆ. ಟಿವಿ ಯೂನಿಟ್‌ನ ಗಾಜಿನ ಬಾಗಿಲ ಒಳಗೆ ಎರಡನ್ನೂ ಇಡ್ಬೇಡಿ, ಹಿಂದೆ ಗಾಳಿ ಹೋಗೋಕೆ ಜಾಗ ಇರ್ಲೇಬೇಕು.

ಈಗ ಚಿತ್ರದ ಗುಣಮಟ್ಟ. ಇಲ್ಲಿ ಪಿಸಿನೇ ಮುಂದೆ, ಅದ್ರಲ್ಲಿ ಎರಡು ಮಾತಿಲ್ಲ. ಪಿಎಸ್5 ಒಳಗಿರೋದು 2020ರ ಎಎಮ್‌ಡಿ ಚಿಪ್, 8 ಕೋರ್ ಝೆನ್ 2 ಪ್ರೊಸೆಸರ್ ಜೊತೆ ಆರ್‌ಡಿಎನ್‌ಎ 2 ಗ್ರಾಫಿಕ್ಸ್, 16 ಜಿಬಿ ಮೆಮೊರಿ ಎರಡಕ್ಕೂ ಹಂಚಿಕೆ. ಹೆಚ್ಚಿನ ದೊಡ್ಡ ಗೇಮ್‌ಗಳು ಅದ್ರಲ್ಲಿ ಎರಡು ಮೋಡ್ ಕೊಡ್ತವೆ, ಚಿತ್ರ ಚೆನ್ನಾಗಿರ್ಬೇಕಂದ್ರೆ 30 ಫ್ರೇಮ್, ನಯವಾಗಿ ಓಡ್ಬೇಕಂದ್ರೆ 60 ಫ್ರೇಮ್ ಆದ್ರೆ ಸ್ವಲ್ಪ ಮಸುಕು. ಪಿಸಿನಲ್ಲಿ ಡಿಎಲ್‌ಎಸ್‌ಎಸ್ (ಕಮ್ಮಿ ರೆಸಲ್ಯೂಷನ್ ಚಿತ್ರನ ಎಐನಿಂದ ದೊಡ್ಡದು ಮಾಡೋ ತಂತ್ರ) ಆನ್ ಮಾಡಿ ಸೆಟ್ಟಿಂಗ್ಸ್ ನಮಗೆ ಬೇಕಾದ ಹಾಗೆ ಹೊಂದಿಸ್ಕೊಂಡ್ರೆ ಅಷ್ಟೇ ನಯವಾಗಿ ಓಡ್ತಾ ಚಿತ್ರನೂ ಚೊಕ್ಕವಾಗಿ ಬರತ್ತೆ, ರೇ ಟ್ರೇಸಿಂಗ್ (ಬೆಳಕು, ಪ್ರತಿಬಿಂಬ ನಿಜದ ಹಾಗೆ ತೋರ್ಸೋದು) ಹಾಕಿದ್ರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಗತ್ತೆ. ಆದ್ರೆ 8 ಜಿಬಿ ಕಾರ್ಡ್‌ಗೆ ಮಿತಿ ಇದೆ, ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಸೆಟ್ಟಿಂಗ್ ಮೇಲಕ್ಕೆ ಎಳೆದ್ರೆ ಮೆಮೊರಿ ತುಂಬಿ ಎಳೆದಾಡತ್ತೆ. ಇನ್ನೊಂದು, ಸೋಫಾ ಮೇಲೆ ಎಂಟು ಹತ್ತು ಅಡಿ ದೂರದಲ್ಲಿ ಕೂತಾಗ ಈ ವ್ಯತ್ಯಾಸದಲ್ಲಿ ಅರ್ಧಕ್ಕರ್ಧ ಕಣ್ಣಿಗೇ ಬೀಳಲ್ಲ. ಹತ್ರ ಮಾನಿಟರ್ ಮುಂದೆ ಕೂತಾಗ ಕಾಣೋ ಸೂಕ್ಷ್ಮ ಬೇರೆ, ಹಾಲ್ ಟಿವಿಲಿ ಕಾಣೋದು ಬೇರೆ.

ಪಿಸಿಲಿ ನನ್ನ ಕಣ್ಣಿಗೆ ಜಾಸ್ತಿ ಚುಚ್ಚೋದು ಇನ್ನೊಂದಿದೆ, ಸ್ಟಟರ್, ಅಂದ್ರೆ ಚಿತ್ರ ಮಧ್ಯೆ ಮಧ್ಯೆ ತಡೆಯೋದು. ಕನ್ಸೋಲ್ ಅಂದ್ರೆ ಎಲ್ಲರ ಮನೇಲೂ ಒಂದೇ ಚಿಪ್, ಹಾಗಾಗಿ ಶೇಡರ್‌ಗಳನ್ನ (ಬೆಳಕು, ಬಣ್ಣ ಮೂಡಿಸೋ ಪುಟ್ಟ ಪ್ರೋಗ್ರಾಂಗಳು) ಗೇಮ್ ಮಾಡಿದವರೇ ಮೊದ್ಲೇ ಕಂಪೈಲ್ ಮಾಡಿ, ಅಂದ್ರೆ ಆ ಚಿಪ್‌ಗೆ ಅರ್ಥ ಆಗೋ ರೂಪಕ್ಕೆ ತಂದು, ಕಳಿಸಿರ್ತಾರೆ. ಪಿಸಿಲಿ ಒಬ್ಬೊಬ್ಬರದ್ದು ಒಂದೊಂದು ಕಾರ್ಡು ಒಂದೊಂದು ಡ್ರೈವರ್, ಅದಕ್ಕೆ ಆ ಕೆಲಸ ನಮ್ಮನೇಲೇ ಆಗ್ಬೇಕು. ಕೆಲವು ಗೇಮ್‌ಗಳು ಶುರುನಲ್ಲೇ ಕಾಯಿಸಿ ಎಲ್ಲಾ ಮುಗಿಸ್ಕೊಳ್ತವೆ, ಕೆಲವು ಆಡ್ತಾ ಆಡ್ತಾ ಮಾಡ್ಕೊಳ್ತವೆ, ಆಗ ಹೊಸ ಜಾಗಕ್ಕೆ ಕಾಲಿಟ್ಟ ಕೂಡ್ಲೇ ಒಂದು ಕ್ಷಣ ಚಿತ್ರ ತಡವರಿಸತ್ತೆ. ಸರಾಸರಿ ಎಫ್‌ಪಿಎಸ್ ನೋಡಿದ್ರೆ ಇದು ಗೊತ್ತೇ ಆಗಲ್ಲ.

ಸರಿ, ಈಗ ನಾನು ಮೇಲೆ ಹೇಳಿದ ಮುಖ್ಯ ವಿಷ್ಯ. ಪಿಎಸ್5 ಕಂಟ್ರೋಲರ್ ಮಧ್ಯದ ಬಟನ್ ಒತ್ತಿದ್ರೆ ಬಾಕ್ಸ್ ಆನ್ ಆಗತ್ತೆ, ಎಚ್‌ಡಿಎಂಐ ಕೇಬಲ್‌ನಿಂದಲೇ ಟಿವಿನ ಕಂಟ್ರೋಲ್ ಮಾಡೋ ಸಿಇಸಿ ಮೂಲಕ ಟಿವಿನೂ ತಾನೇ ಆನ್ ಆಗಿ ಸರಿಯಾದ ಪೋರ್ಟ್‌ಗೆ ಬರತ್ತೆ, ರೆಸ್ಟ್ ಮೋಡ್‌ನಲ್ಲಿ ಇಟ್ಟಿದ್ರೆ ನಿನ್ನೆ ಬಿಟ್ಟ ಜಾಗದಿಂದಾನೇ ಗೇಮ್ ಶುರು. ಅಕ್ಕನ ಮಗನಿಗೆ ಎಂಟು ವರ್ಷ, ಅವನಿಗೆ ನಾನು ಒಂದೇ ಒಂದ್ಸಲ ತೋರಿಸಿದ್ದು ಅಷ್ಟೇ. ಅವನ ಹೆಸರಲ್ಲಿ ಮಕ್ಕಳ ಅಕೌಂಟ್ ಮಾಡಿ ದಿನಕ್ಕೆ ಇಷ್ಟೇ ಹೊತ್ತು ಅಂತ ಲಿಮಿಟ್ ಇಟ್ಟಿದೀನಿ, ಫೋನ್‌ನಲ್ಲೇ ನೋಡ್ಕೊಬಹುದು, ಅಕ್ಕನಿಗೂ ನೆಮ್ಮದಿ.

ಪಿಸಿಲಿ ಇದೇ ಅನುಭವ ತರೋಕೆ ನಾನು ಸಾಕಷ್ಟು ಕೂತಿದೀನಿ. ಬೂಟ್ ಆದ ತಕ್ಷಣ ಆನ್‌ಲೈನ್ ಪಿಸಿ ಗೇಮ್ ಅಂಗಡಿ ಸ್ಟೀಮ್‌ನ ಬಿಗ್ ಪಿಕ್ಚರ್ (ಟಿವಿಗೆ ಹೊಂದೋ ಪರದೆ) ತೆರ್‍ಕೊಳ್ಳೋ ಹಾಗೆ ಮಾಡ್ದೆ, ಪಾಸ್‌ವರ್ಡ್ ಕೇಳದ ಹಾಗೆ ಮಾಡ್ದೆ. ಆದ್ರೂ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಸಿಇಸಿ ಇರಲ್ಲ, ಟಿವಿ ರಿಮೋಟ್ ಹುಡುಕಿ ಪೋರ್ಟ್ ಬದಲಾಯಿಸ್ಲೇಬೇಕು. ಬ್ಲೂಟೂತ್ ಕಂಟ್ರೋಲರ್‌ನಿಂದ ಮಲಗಿರೋ ಪಿಸಿ ಎಬ್ಬಿಸೋದು ಎಲ್ಲಾ ಬೋರ್ಡ್‌ನಲ್ಲೂ ಆಗಲ್ಲ, ಎದ್ದು ಹೋಗಿ ಬಟನ್ ಒತ್ಬೇಕು. ಅದಾದ್ಮೇಲೆ ಲಾಂಚರ್‌ಗಳ (ಗೇಮ್ ಶುರು ಮಾಡೋ ಆ್ಯಪ್‌ಗಳ) ಕಾಟ, ಸ್ಟೀಮಲ್ಲಿ ದುಡ್ಡು ಕೊಟ್ಟು ತಗೊಂಡ ಗೇಮೇ ಆದ್ರೂ ಕೆಲವು ಪಬ್ಲಿಷರ್‌ಗಳದ್ದು ಬೇರೆ ಲಾಂಚರ್ ತೆರ್‍ಕೊಂಡು ಲಾಗಿನ್ ಕೇಳತ್ತೆ, ಅದಕ್ಕೆ ಕೀಬೋರ್ಡೇ ಬೇಕು. ಮಧ್ಯಾಹ್ನ ಮೀಟಿಂಗ್‌ನಲ್ಲಿದ್ದಾಗ ಫೋನ್ ಬರತ್ತೆ, "ಮಾಮ, ಏನೋ ಪಾಸ್‌ವರ್ಡ್ ಕೇಳ್ತಿದೆ, ಏನ್ ಹಾಕ್ಲಿ?" ಅಂತ. ಟಚ್‌ಪ್ಯಾಡ್ ಇರೋ ವೈರ್‌ಲೆಸ್ ಕೀಬೋರ್ಡ್ ಒಂದನ್ನ ಸೋಫಾ ಪಕ್ಕ ಇಟ್ಟಿದೀನಿ, ಪಿಸಿ ಹಾಲ್‌ಗೆ ತರೋರು ಅದನ್ನ ಬಜೆಟ್‌ನಲ್ಲೇ ಸೇರಿಸ್ಕೊಳ್ಳಿ.

ವಿಂಡೋಸ್ ಬದಲು ಬಝೈಟ್ ಕೂಡ ಹಾಕಿ ನೋಡಿದೀನಿ, ಅದು ಫೆಡೋರಾ ಆಧಾರದ ಲಿನಕ್ಸ್, ಸ್ಟೀಮ್‌ನವರ ಕೈಯಲ್ಲಿ ಹಿಡಿದು ಆಡೋ ಸಾಧನ ಸ್ಟೀಮ್ ಡೆಕ್ ತರದ್ದೇ ಪರದೆಗೆ ನೇರ ಬೂಟ್ ಆಗತ್ತೆ. ಸೋಫಾಗೆ ವಿಂಡೋಸ್‌ಗಿಂತ ಎಷ್ಟೋ ಹಿತ. ವಿಂಡೋಸ್ ಗೇಮ್‌ಗಳನ್ನ ಲಿನಕ್ಸ್‌ನಲ್ಲಿ ಓಡಿಸೋ ಪ್ರೋಟಾನ್ ದಯೆಯಿಂದ ಬಹುಪಾಲು ಸಿಂಗಲ್ ಪ್ಲೇಯರ್ ಗೇಮ್‌ಗಳು ಓಡ್ತವೆ, ಶೇಡರ್‌ಗಳೂ ಕೆಲವು ಸಲ ಮೊದ್ಲೇ ಡೌನ್‌ಲೋಡ್ ಆಗಿರ್ತವೆ. ಆದ್ರೆ ವ್ಯಾಲರಂಟ್, ಫೋರ್ಟ್‌ನೈಟ್ ತರದ್ದು ಆ್ಯಂಟಿ ಚೀಟ್ (ಮೋಸದಾಟ ತಡೆಯೋ ಸಾಫ್ಟ್‌ವೇರ್) ಕಾರಣಕ್ಕೆ ಲಿನಕ್ಸ್‌ನಲ್ಲಿ ನಡಿಯಲ್ಲ, ಮತ್ತೆ ಈ ದಾರಿ ಹಿಡಿಯೋರಿಗೆ ಎಎಮ್‌ಡಿ ಕಾರ್ಡೇ ಸಲೀಸು. ಸ್ಟೀಮ್ ನಡೆಸೋ ಕಂಪನಿ ವಾಲ್ವ್‌ನವರು 2025ರ ನವೆಂಬರ್‌ನಲ್ಲಿ ಘೋಷಿಸಿದ ಸ್ಟೀಮ್ ಮೆಷಿನ್ ಇದೇ ಐಡಿಯಾನ ಒಂದು ಗೇಣಿಗಿಂತ ಚಿಕ್ಕ ಡಬ್ಬಕ್ಕೆ ತುಂಬಿ ಸಿಇಸಿನೂ ಸೇರಿಸಿದೆ, ನಾನು ನಿಜಕ್ಕೂ ಕಾಯೋ ಅಂಥ ವಸ್ತು ಅದು. ಆದ್ರೆ ಅವರ ಸ್ಟೀಮ್ ಡೆಕ್ 2022ರಲ್ಲಿ ಬೇರೆ ಕಡೆ ಬಂದ್ರೂ ನಮ್ಮಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬರ್ಲಿಲ್ಲ, ಗ್ರೇ ಮಾರ್ಕೆಟ್‌ನಲ್ಲಿ ಜಾಸ್ತಿ ದುಡ್ಡು ಕೊಟ್ಟು ವಾರಂಟಿ ಇಲ್ದೆ ತಗೋಬೇಕಾಯ್ತು ಜನ, ಆದ್ರಿಂದ ಇದನ್ನೇ ನಂಬ್ಕೊಂಡು ಕೂರಿ ಅಂತ ಯಾರಿಗೂ ಹೇಳಲ್ಲ.

ಗೇಮ್ ಖರೀದಿಗೆ ಬಂದ್ರೆ ಪಿಸಿ ಅಭಿಮಾನಿಗಳು ಹೇಳೋದು ನಿಜ. ಸ್ಟೀಮ್‌ನಲ್ಲಿ ರೂಪಾಯಿ ರೇಟು, ಬೇಸಿಗೆ ಮತ್ತೆ ಚಳಿಗಾಲದ ಸೇಲ್, ಇನ್ನೊಂದು ಗೇಮ್ ಅಂಗಡಿ ಎಪಿಕ್‌ನವರು 2018ರ ಡಿಸೆಂಬರ್‌ನಿಂದ ಫ್ರೀಯಾಗಿ ಗೇಮ್ ಹಂಚ್ತಾನೇ ಇದಾರೆ. ಆನ್‌ಲೈನ್ ಆಡೋಕೆ ತಿಂಗಳ ಚಂದಾ ಇಲ್ಲ. ಪಿಎಸ್5ನಲ್ಲಿ ದುಡ್ಡು ಕೊಟ್ಟು ತಗೊಂಡ ಗೇಮ್‌ನ ಆನ್‌ಲೈನ್ ಆಡೋಕೆ ಸಾಮಾನ್ಯವಾಗಿ ಪಿಎಸ್ ಪ್ಲಸ್ ಚಂದಾ ಬೇಕು, ಫ್ರೀ ಗೇಮ್‌ಗಳಿಗೆ ಬೇಡ. ರೀಫಂಡ್‌ನಲ್ಲೂ ಅಷ್ಟೇ, ಸ್ಟೀಮ್‌ನಲ್ಲಿ 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ರೆ ದುಡ್ಡು ವಾಪಸ್, ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಡೌನ್‌ಲೋಡ್ ಶುರು ಮಾಡಿದ್ರೆ ಸಾಮಾನ್ಯವಾಗಿ ಮುಗೀತು. ಆದ್ರೆ ಡಿಸ್ಕ್ ಅನ್ನೋದೊಂದಿದೆ ನೋಡಿ, ಅದನ್ನ ಮರೀತಾರೆ. ಸೋನಿಯ ಹೊಸ ದೊಡ್ಡ ಗೇಮ್ 5 ಸಾವಿರದ ಹತ್ರ, ಮುಗಿಸಿದ್ಮೇಲೆ ಒಳ್ಳೇ ರೇಟಿಗೆ ಮಾರ್ಬಹುದು, ಇಲ್ಲ ಫ್ರೆಂಡ್ ಜೊತೆ ಅದಲು ಬದಲು ಮಾಡ್ಕೊಬಹುದು. ನಮ್ಮ ಏರಿಯಾದಲ್ಲೇ ಒಂದು ಚಿಕ್ಕ ಗುಂಪಿದೆ, ಒಂದೇ ಡಿಸ್ಕ್ ನಾಲ್ಕು ಮನೆ ಸುತ್ತತ್ತೆ. ಅದಕ್ಕೇ ಡಿಸ್ಕ್ ಮಾಡೆಲ್‌ಗೆ ಕೊಡೋ ಹೆಚ್ಚಿನ ದುಡ್ಡು ದಂಡ ಅಲ್ಲ ಅಂತೀನಿ. ಸ್ಲಿಮ್‌ನಲ್ಲಿ ಡಿಸ್ಕ್ ಡ್ರೈವ್ ಬಿಚ್ಚಿ ಹಾಕೋ ತರ ಇರೋದ್ರಿಂದ ಡಿಜಿಟಲ್ ತಗೊಂಡವರೂ ಆಮೇಲೆ ಸೇರಿಸ್ಕೊಬಹುದು.

ಯಾವ ಗೇಮ್ ಎಲ್ಲಿ ಸಿಗತ್ತೆ ಅನ್ನೋದ್ರಲ್ಲಿ ಮೊದಲಿನಷ್ಟು ಅಂತರ ಇಲ್ಲ. ಗಾಡ್ ಆಫ್ ವಾರ್ 2022ರಲ್ಲಿ, ಘೋಸ್ಟ್ ಆಫ್ ತ್ಸುಶಿಮಾ 2024ರಲ್ಲಿ ಪಿಸಿಗೂ ಬಂದ್ವು. ಆದ್ರೆ ಆಸ್ಟ್ರೋ ಬಾಟ್ ಬಂದಿಲ್ಲ, ಗ್ರಾನ್ ಟೂರಿಸ್ಮೊ 7 ಬಂದಿಲ್ಲ. ಮನೇಲಿ ಮಕ್ಕಳಿದ್ರೆ ಆಸ್ಟ್ರೋ ಬಾಟ್ ಒಂದಕ್ಕೇ ಪಿಎಸ್5 ತರಬಹುದು ಅಂತ ನಾನು ಹೃದಯಪೂರ್ವಕವಾಗಿ ಹೇಳ್ತೀನಿ, ಮರಳಿನ ಮೇಲೆ, ಗಾಜಿನ ಮೇಲೆ, ಹುಲ್ಲಿನ ಮೇಲೆ ನಡೆದಾಗ ಕೈಯಲ್ಲಿರೋ ಕಂಟ್ರೋಲರ್ ಬೇರೆ ಬೇರೆ ತರ ನಡುಗತ್ತೆ, ನಮ್ಮಮ್ಮನೂ ಕೈಗೆ ತಗೊಂಡು ನೋಡಿ ನಕ್ಕಿದ್ರು. ಜಿಟಿಎ 6 ಸದ್ಯಕ್ಕೆ ಘೋಷಣೆ ಆಗಿರೋದೂ ಪಿಎಸ್5 ಮತ್ತೆ ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ.

ಕರೆಂಟ್ ವಿಷ್ಯನ ಹೊರಗಿನ ರಿವ್ಯೂಗಳಲ್ಲಿ ಯಾರೂ ಹೇಳಲ್ಲ, ನಮಗದು ದಿನನಿತ್ಯದ್ದು. ಪಿಎಸ್5 ಗೇಮ್ ಆಡ್ವಾಗ 200 ವ್ಯಾಟ್ ಆಸುಪಾಸು ಎಳೆಯತ್ತೆ, ನನ್ನ ಪಿಸಿ 250ರ ಹತ್ರ. ಸಾಮಾನ್ಯ 600 ವಿಎ ಯುಪಿಎಸ್ ಅಂದ್ರೆ ಅಂದಾಜು 360 ವ್ಯಾಟ್, ದೊಡ್ಡ ಟಿವಿನೂ ಅದಕ್ಕೇ ಹಾಕಿದ್ರೆ ಪಿಸಿ ಜೊತೆ ಮಿತಿ ಮುಟ್ಟತ್ತೆ, 1000 ವಿಎ ತಗೊಂಡ್ರೆ ನಿಶ್ಚಿಂತೆ. ರೆಸ್ಟ್ ಮೋಡ್‌ನಲ್ಲಿದ್ದಾಗ ಕರೆಂಟ್ ಹೋದ್ರೂ ಪಿಎಸ್5 ಮುಂದಿನ ಸಲ ಸರಿಯಾಗಿ ಆಫ್ ಆಗಿಲ್ಲ ಅಂತ ಸ್ಟೋರೇಜ್ ಚೆಕ್ ಮಾಡ್ಕೊಳ್ಳತ್ತೆ, ಬಿಟ್ಟ ಜಾಗನೂ ಹೋಗಿರತ್ತೆ, ಹಾಗಾಗಿ ಅದಕ್ಕೂ ಯುಪಿಎಸ್ ಇರ್ಲಿ. ಧೂಳು ಕ್ಲೀನ್ ಮಾಡೋದು ಎರಡರಲ್ಲೂ ಸುಲಭ, ಪಿಎಸ್5 ಪಕ್ಕದ ಪ್ಲೇಟ್ ಕೈಯಲ್ಲೇ ಕಳಚತ್ತೆ, ಪಿಸಿಗೆ ಫಿಲ್ಟರ್ ಇರತ್ತೆ.

ರಿಪೇರಿ ಮತ್ತೆ ಅಪ್‌ಗ್ರೇಡ್‌ನಲ್ಲಿ ಪಿಸಿಗೆ ನನ್ನ ಪೂರ್ತಿ ಓಟು. ಒಂದು ಪಾರ್ಟ್ ಹೋದ್ರೆ ಅದೊಂದೇ ಬದಲಾಯಿಸ್ಬಹುದು, ನಾಲ್ಕು ವರ್ಷ ಬಿಟ್ಟು ಕಾರ್ಡ್ ಮಾತ್ರ ಹೊಸದು ಹಾಕ್ಬಹುದು. ಪಿಎಸ್5ನಲ್ಲಿ ನಾವು ಸೇರಿಸೋಕೆ ಆಗೋದು ಮುಖ್ಯವಾಗಿ ಎಸ್‌ಎಸ್‌ಡಿ, ಅದೂ ಜೆನ್ 4 ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ ಬಗೆ) ಆಗಿದ್ದು ಬಿಸಿ ಹೊರಹಾಕೋ ಹೀಟ್‌ಸಿಂಕ್ ಇರ್ಬೇಕು. ಜಾಸ್ತಿ ಶಕ್ತಿ ಬೇಕು ಅಂತ ಪಿಎಸ್5 ಪ್ರೊ ಕಡೆ ನೋಡೋಣ ಅಂದ್ರೆ, 2024ರ ನವೆಂಬರ್‌ನಲ್ಲಿ ಅದು ಬಿಡುಗಡೆ ಆದಾಗ ನಮ್ಮಲ್ಲಿ 6 ಗಿಗಾಹರ್ಟ್ಸ್ ವೈಫೈಗೆ ಅನುಮತಿ ಇಲ್ಲ ಅನ್ನೋ ಕಾರಣಕ್ಕೆ ಭಾರತಕ್ಕೇ ಬರ್ಲಿಲ್ಲ. ಇನ್ನು ಪಿಸಿಲಿ ಗೇಮ್ ಬಿಟ್ಟು ಬೇರೆ ಕೆಲಸನೂ ಆಗತ್ತೆ, ಮನೇಲಿ ಕಾಲೇಜ್ ಹುಡುಗ್ರಿದ್ರೆ ಪ್ರಾಜೆಕ್ಟ್, ಎಡಿಟಿಂಗ್, ಕೋಡಿಂಗ್ ಎಲ್ಲಾ. ಹಾಗಂತ ಹಾಲ್ ಟಿವಿ ಮುಂದೆ ಕೂತು ಪ್ರಾಜೆಕ್ಟ್ ಯಾರೂ ಮಾಡಲ್ಲ, ಆ ಕಾರಣಕ್ಕೆ ತರೋದಾದ್ರೆ ಪಿಸಿ ರೂಮಿಗೇ ಹೋಗ್ಲಿ.

ಶಿವಮೊಗ್ಗದಲ್ಲಿರೋ ನನ್ನ ಕಸಿನ್ ಮೊನ್ನೆ ಇದನ್ನೇ ಕೇಳ್ದ. ಅವನ ಹೆಂಡ್ತಿ, ಎರಡು ಮಕ್ಕಳು, ಭಾನುವಾರ ಬರೋ ಭಾವಮೈದ, ಎಲ್ಲರಿಗೂ ಕ್ರಿಕೆಟ್ ಗೇಮ್ ಬೇಕು, ಸ್ಟೀಮ್‌ನಲ್ಲಿ ಅವನದ್ದು ಒಂದೂ ಗೇಮ್ ಇಲ್ಲ. ಡಿಸ್ಕ್ ಇರೋ ಪಿಎಸ್5 ತಗೋ ಅಂದೆ, ಪಿಸಿ ಕಡೆ ತಲೆನೇ ಹಾಕ್ಬೇಡ ಅಂದೆ. ಉಳಿಯೋ ದುಡ್ಡಲ್ಲಿ ಮೊದ್ಲು ಎರಡನೇ ಕಂಟ್ರೋಲರ್, ಅದೇ ಹತ್ತತ್ರ 6 ಸಾವಿರ ಆಗತ್ತೆ, ಆಮೇಲೆ ಯುಪಿಎಸ್, ಟಿವಿಲಿ ಗೇಮ್ ಮೋಡ್ (ಬಟನ್ ಒತ್ತಿದ್ದು ತಡ ಆಗದೆ ಪರದೆಲಿ ಕಾಣೋ ಸೆಟ್ಟಿಂಗ್) ಆನ್ ಮಾಡೋದು ಮಾತ್ರ ಮರೀಬೇಡ ಅಂತ ಹೇಳಿದೀನಿ.