ಪ್ಯಾರಾಚೂಟ್ ಸರಿಯಾಗಿಯೇ ಬಿಚ್ಚಿಕೊಂಡಿತ್ತು

ನನ್ನ ಬಲಗಾಲಿನ ಪಾದದ ಕೀಲಿನ ಹತ್ತಿರ ಒಂದು ಪ್ಲೇಟು, 7 ಸ್ಕ್ರೂ ಇವೆ. ಸ್ಕೈಡೈವಿಂಗ್ ಮಾಡಲು ಹೋಗಿ ಆದದ್ದು ಅಂದ ಕೂಡಲೇ ಎಲ್ಲರದೂ ಒಂದೇ ಪ್ರಶ್ನೆ. "ಯಾಕೆ, ಪ್ಯಾರಾಚೂಟ್ ಬಿಚ್ಚಿಕೊಳ್ಳಲಿಲ್ವಾ?"

ಬಿಚ್ಚಿಕೊಂಡಿತ್ತು. ಚೆನ್ನಾಗಿಯೇ ಬಿಚ್ಚಿಕೊಂಡಿತ್ತು. ವಿಮಾನ ಸರಿ ಇತ್ತು, ದಾರಗಳು ಸರಿ ಇದ್ದವು, ಬಟ್ಟೆ ಎಲ್ಲೂ ಹರಿದಿರಲಿಲ್ಲ. ನೆಲಕ್ಕೆ ಇನ್ನು 80 ಅಡಿ ಇದ್ದಾಗ ನಾನೊಂದು ತಪ್ಪು ಮಾಡಿದೆ. ಅದಕ್ಕೆ ಸ್ವಲ್ಪ ಮುಂಚೆ ಕೆಳಗಿದ್ದ ನನ್ನ ಸೋದರಮಾವ ಇನ್ನೊಂದು ತಪ್ಪು ಮಾಡಿದ್ದರು. ಹಾರಲು ಹೊರಟವರೂ, ಅವರನ್ನು ನೋಡಲು ಹೊರಟವರೂ ಓದಲಿ ಅಂತ ಬರೆಯುತ್ತಿದ್ದೇನೆ. ಕ್ಯಾಂಪ್ ನಡೆಸಿದವರ ಹೆಸರು ಹಾಕುವುದಿಲ್ಲ. ಹಾಕಿದರೆ ಬೈಗುಳವೆಲ್ಲ ಅವರಿಗೇ ಹೋಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ನನಗೆ ಸೇರಬೇಕು.

ಮೈಸೂರಿನ ಹೊರಗಡೆ, ಚಾಮುಂಡಿ ಬೆಟ್ಟ ಚೆನ್ನಾಗಿ ಕಾಣುವ ಒಂದು ಬಯಲು. ಜನವರಿ ತಿಂಗಳು. ನಾನು ಮಾಡಿದ್ದು ಟ್ಯಾಂಡೆಮ್ ಅಲ್ಲ. ಟ್ಯಾಂಡೆಮ್ ಅಂದರೆ ಬೋಧಕರ ಎದೆಗೆ ನಮ್ಮನ್ನು ಕಟ್ಟಿಕೊಂಡು ಸುಮಾರು 10,000 ಅಡಿಯಿಂದ ಇಳಿಯುವುದು. ನನ್ನದು ಸ್ಟ್ಯಾಟಿಕ್ ಲೈನ್. ಪ್ಯಾರಾಚೂಟಿನ ಒಂದು ಪಟ್ಟಿಯನ್ನು ವಿಮಾನಕ್ಕೇ ಸಿಕ್ಕಿಸಿರುತ್ತಾರೆ, 4,000 ಅಡಿಯಲ್ಲಿ ಹೊರಗೆ ಬಿದ್ದ ಕೂಡಲೇ ಅದೇ ಎಳೆದು ಬಿಚ್ಚಿಸುತ್ತದೆ. ಬೀಳುವುದು ಮೂರ್ನಾಲ್ಕು ಸೆಕೆಂಡ್ ಅಷ್ಟೆ. ಆಮೇಲೆ ನೆಲ ಮುಟ್ಟುವವರೆಗೆ ಮೂರ್ನಾಲ್ಕು ನಿಮಿಷ ನೀವೇ ಡ್ರೈವರ್. ಪಕ್ಕದಲ್ಲಿ ಯಾರೂ ಇರುವುದಿಲ್ಲ, ಹೆಲ್ಮೆಟ್ಟಿನಲ್ಲಿ ಒಂದು ರೇಡಿಯೊ ಇರುತ್ತದೆ.

ನಮ್ಮ ತಲೆಯಲ್ಲಿ ಭಯವೆಲ್ಲ ವಿಮಾನದ ಬಾಗಿಲಲ್ಲಿ ಕೂತಿರುತ್ತದೆ. ನನಗೂ ಹಾಗೇ. ಕ್ಲಾಸಿನಲ್ಲಿ ಬಾಗಿಲಿನಿಂದ ಹೇಗೆ ಹೊರಡಬೇಕು, ಪ್ಯಾರಾಚೂಟ್ ಬಿಚ್ಚದಿದ್ದರೆ ಏನು ಮಾಡಬೇಕು, ರಿಸರ್ವ್, ಅಂದರೆ ಎರಡನೇ ತುರ್ತು ಪ್ಯಾರಾಚೂಟ್, ಯಾವಾಗ ಎಳೆಯಬೇಕು ಅನ್ನುವುದನ್ನೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡು ಕೇಳಿದೆ. ಊಟ ಆದ ಮೇಲೆ ಇಳಿಯುವ ಪಾಠ ಶುರುವಾಯಿತು. ಬೋರ್ಡಿನ ಮೇಲೆ ಒಂದು ಚೌಕ, ಬಾಣದ ಗುರುತುಗಳು. ಆಗ ನಾನು ಟೇಬಲ್ ಕೆಳಗೆ ಫೋನ್ ಇಟ್ಟುಕೊಂಡು ಮಾವನಿಗೆ ಲೊಕೇಶನ್ ಕಳಿಸುತ್ತಿದ್ದೆ.

ಆ ಚೌಕದಲ್ಲಿ ಇದ್ದದ್ದು ಇಷ್ಟು. 1,000 ಅಡಿಗೆ ಬರುವ ಹೊತ್ತಿಗೆ ಇಳಿಯುವ ಜಾಗದ ಒಂದು ಪಕ್ಕಕ್ಕೆ ಬಂದು ಗಾಳಿ ಹೋಗುವ ಕಡೆಗೇ ಹೋಗಬೇಕು. 600 ಅಡಿ ಹತ್ತಿರ ಒಂದು ತಿರುವು, ಗಾಳಿಗೆ ಅಡ್ಡಲಾಗಿ. 300 ಅಡಿ ಹತ್ತಿರ ಇನ್ನೊಂದು ತಿರುವು, ಈಗ ಗಾಳಿ ಮುಖಕ್ಕೆ ಹೊಡೆಯುತ್ತಿರಬೇಕು. ಅಲ್ಲಿಂದ ಕೆಳಗೆ ತಿರುಗುವಂತಿಲ್ಲ. ನೆಟ್ಟಗೆ ಬಂದು, ಸುಮಾರು 10-12 ಅಡಿ ಇದ್ದಾಗ, ಪ್ಯಾರಾಚೂಟ್ ತಿರುಗಿಸಲು ಎರಡು ಕೈಯಲ್ಲಿ ಹಿಡಿದಿರುವ ಹಿಡಿಕೆಗಳನ್ನು, ಅಂದರೆ ಎರಡೂ ಟಾಗಲ್‌ಗಳನ್ನು ಸೊಂಟದ ಕೆಳಗಿನವರೆಗೆ ಒಟ್ಟಿಗೆ ಎಳೆಯಬೇಕು. ಇದಕ್ಕೆ ಫ್ಲೇರ್ ಅನ್ನುತ್ತಾರೆ. ಹದ್ದು ಕೊಂಬೆಯ ಮೇಲೆ ಕೂರುವ ಮುಂಚೆ ರೆಕ್ಕೆ ಅಗಲ ಮಾಡುತ್ತದಲ್ಲ, ಹಾಗೆ.

ಈ ಎತ್ತರಗಳೆಲ್ಲ ಇಳಿಯುವ ನೆಲದಿಂದ ಲೆಕ್ಕ. ಮೈಸೂರೇ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ, ಆದ್ದರಿಂದ ಎತ್ತರ ತೋರಿಸಲು ಕೈಗೆ ಕಟ್ಟುವ ಆಲ್ಟಿಮೀಟರ್ ಮುಳ್ಳನ್ನು ವಿಮಾನ ಹತ್ತುವ ಮುಂಚೆ ಸೊನ್ನೆಗೆ ತಂದಿದ್ದೇವಾ ಅಂತ ನೋಡಿಕೊಳ್ಳಬೇಕು. ನಮ್ಮ ಬೋಧಕರು ಒಂದು ಚಂದದ ಗುರುತು ಹೇಳಿಕೊಟ್ಟಿದ್ದರು. ಚಾಮುಂಡಿ ಬೆಟ್ಟ ಊರಿಗಿಂತ ಸರಿಸುಮಾರು 1,000 ಅಡಿ ಎತ್ತರ. ಬೆಟ್ಟದ ತುದಿ ನಿಮ್ಮ ಕಣ್ಣಿಗೆ ಸಮವಾಗಿ ಬಂತು ಅಂದರೆ ಆಟ ಮುಗಿಯಿತು, ಇನ್ನು ಇಳಿಯುವ ಕೆಲಸ. ಅದೊಂದು ಮಾತ್ರ ನನಗೆ ನೆನಪಿತ್ತು.

ಗಾಳಿಗೆ ಎದುರಾಗಿಯೇ ಯಾಕೆ ಇಳಿಯಬೇಕು? ಕಲಿಯುವವರ ದೊಡ್ಡ ಕ್ಯಾನಪಿಯೂ (ಬಿಚ್ಚಿಕೊಂಡ ಪ್ಯಾರಾಚೂಟಿನ ಬಟ್ಟೆ) ಗಂಟೆಗೆ ಸುಮಾರು 35 ಕಿ.ಮೀ. ವೇಗದಲ್ಲಿ ಮುಂದೆ ಹೋಗುತ್ತದೆ. 15 ಕಿ.ಮೀ. ಗಾಳಿಗೆ ಎದುರಾಗಿ ಬಂದರೆ ನೆಲದ ಲೆಕ್ಕದಲ್ಲಿ 20. ಅದೇ ಗಾಳಿಯ ಜೊತೆಗೆ ಬಂದರೆ 50. ಒಂದು ಸೈಕಲ್ಲಿನ ವೇಗ, ಇನ್ನೊಂದು ಬೈಕಿನ ವೇಗ. ಬ್ರೇಕ್ ಇಲ್ಲದ ಬೈಕಿನಿಂದ ಎರಡು ಕಾಲು ಕೆಳಗಿಟ್ಟು ಇಳಿಯಿರಿ ಅಂದರೆ ಇಳಿಯುತ್ತೀರಾ?

ನನ್ನ ಹಾರಾಟ 1,000 ಅಡಿವರೆಗೆ ಸೊಗಸಾಗಿತ್ತು. ಲಲಿತಮಹಲ್ ಬೆಳ್ಳಗೆ ಬೆಣ್ಣೆಮುದ್ದೆ ಹಾಗೆ ಕಂಡಿತು. ಬೆಟ್ಟ ಕಣ್ಣಿಗೆ ಸಮ ಬಂತು. ರೇಡಿಯೊದಲ್ಲಿ ಹೇಳಿದ ಹಾಗೆ ಒಂದು ತಿರುವು, ಎರಡು ತಿರುವು. 300 ಅಡಿಯಲ್ಲಿ ಗಾಳಿಗೆ ಮುಖ ಮಾಡಿ ನೆಟ್ಟಗೆ ಬರುತ್ತಿದ್ದೆ. ಕೆಳಗೆ ಖಾಲಿ ಬಯಲು, ಬಲಗಡೆ ಅಂಚಿನಲ್ಲಿ ಒಂದು ಬದು, ಬದುವಿನ ಆಚೆ ಹುರುಳಿ ಕಿತ್ತ ಹೊಲ.

ಆಗ ನನ್ನ ಮಾವ ಬಂದರು.

ಮಂಡ್ಯದಿಂದ ಬೆಳಿಗ್ಗೆ ಅತ್ತೆ, ಇಬ್ಬರು ಮಕ್ಕಳು, ಒಂದು ಡಬ್ಬಿ ಮದ್ದೂರು ವಡೆ ಸಮೇತ ಬಂದಿದ್ದರು. ಅವರನ್ನು ಶಾಮಿಯಾನದ ಕೆಳಗೆ ಕೂರಿಸಿದ್ದೆ. ಶಾಮಿಯಾನಕ್ಕೂ ಬಯಲಿಗೂ ನಡುವೆ ಹಗ್ಗ ಇರಲಿಲ್ಲ, ಸುಣ್ಣದ ಒಂದು ಗೆರೆ ಇತ್ತು. ಸುಣ್ಣದ ಗೆರೆ ನೋಡಿದರೆ ನಮ್ಮ ಕಡೆ ಯಾರಿಗಾದರೂ ಕಬಡ್ಡಿ ನೆನಪಾಗುತ್ತದೆಯೇ ಹೊರತು, ದಾಟಬಾರದು ಅನಿಸುವುದಿಲ್ಲ. ಅಳಿಯ ಆಕಾಶದಿಂದ ಬರುತ್ತಿದ್ದಾನೆ, ಹತ್ತಿರದಿಂದ ವಿಡಿಯೊ ತೆಗೆಯೋಣ ಅಂತ ಮಾವ ಫೋನ್ ಎತ್ತಿ ಹಿಡಿದುಕೊಂಡು ಬಯಲಿನ ಮಧ್ಯಕ್ಕೇ ಓಡಿ ಬಂದರು. ಹಿಂದೆ ಚಿಕ್ಕ ಹುಡುಗ. ಆ ವಿಡಿಯೊ ಈಗಲೂ ಇದೆ. ಅದರಲ್ಲಿ ಅವರ ದನಿ ಸ್ಪಷ್ಟವಾಗಿ ಕೇಳುತ್ತದೆ. "ಏ, ಇಲ್ ನೋಡ್ಲಾ! ಇಲ್ಲಿಗ್ ಬಾರ್ಲಾ!"

ಕೆಳಗಿನಿಂದ ನೋಡುವವರಿಗೆ ಪ್ಯಾರಾಚೂಟ್ ಗಾಳಿಪಟದ ಹಾಗೆ ತೇಲುತ್ತಿರುವಂತೆ ಕಾಣುತ್ತದೆ. ಅದರ ವೇಗ ಗೊತ್ತಾಗುವುದಿಲ್ಲ, ಇಂಜಿನ್ ಇಲ್ಲದ್ದರಿಂದ ಸದ್ದೂ ಇಲ್ಲ. ಒಂದು ಮನುಷ್ಯನ ತೂಕ ನಿಮ್ಮ ಕಡೆ ಸೈಕಲ್ ವೇಗದಲ್ಲಿ ಬರುತ್ತಿದೆ, ಅವನ ಹತ್ತಿರ ಬ್ರೇಕ್ ಅಂತ ಇರುವುದು ಒಂದೇ ಸಲದ ಫ್ಲೇರ್. ನಿಂತವರು ಎಡಕ್ಕೆ ಹೋಗುವುದೋ ಬಲಕ್ಕೆ ಹೋಗುವುದೋ ಅಂತ ಎರಡು ಹೆಜ್ಜೆ ಹಾಕುವಷ್ಟರಲ್ಲಿ ಅವನು ಮೈಮೇಲೆ ಇರುತ್ತಾನೆ.

ನಾನು ನೋಡಿದ್ದು ಆ ಹುಡುಗನ ಕೆಂಪು ಟೋಪಿ. ಅದರಿಂದ ಕಣ್ಣು ಕೀಳಲು ಆಗಲಿಲ್ಲ. ಹೊಸದಾಗಿ ಸೈಕಲ್ ಕಲಿಯುವವರು ಖಾಲಿ ಮೈದಾನದಲ್ಲಿ ಇರುವ ಒಂದೇ ಮರಕ್ಕೆ ಹೋಗಿ ಗುದ್ದುತ್ತಾರಲ್ಲ, ಅದೇ ಕಥೆ. ಏನನ್ನು ನೋಡುತ್ತೇವೋ ಅಲ್ಲಿಗೇ ಹೋಗುತ್ತೇವೆ. ಅಕ್ಕಪಕ್ಕದ ಖಾಲಿ ಜಾಗ ನೋಡಬೇಕಿತ್ತು. ನೋಡಲಿಲ್ಲ. 80 ಅಡಿ ಎತ್ತರದಲ್ಲಿ, ಗಾಬರಿಯಲ್ಲಿ, ಬಲಗೈ ಟಾಗಲ್ಲನ್ನು ಸೊಂಟದವರೆಗೆ ಎಳೆದುಬಿಟ್ಟೆ.

ಒಂದೇ ಕಡೆ ಜೋರಾಗಿ ಎಳೆದರೆ ಕ್ಯಾನಪಿ ಸುಮ್ನೆ ತಿರುಗುವುದಿಲ್ಲ. ಒಂದು ಪಕ್ಕಕ್ಕೆ ವಾಲಿ, ಮೂತಿ ಕೆಳಗೆ ಮಾಡಿ ಧುಮುಕುತ್ತದೆ. ಕೆಳಗೆ ನೇತಾಡುವ ನೀವು ಕವಣೆಯಲ್ಲಿಟ್ಟ ಕಲ್ಲಿನ ಹಾಗೆ ಹೊರಕ್ಕೆ ಬೀಸಿಕೊಂಡು ಹೋಗುತ್ತೀರಿ. ಎತ್ತರದಲ್ಲಿ ಇದು ಮಜಾ. ಎರಡು ಸೆಕೆಂಡ್ ಕಾದರೆ ಕ್ಯಾನಪಿ ಮತ್ತೆ ತಲೆಯ ಮೇಲೆ ಬಂದು ನಿಲ್ಲುತ್ತದೆ. ಆದರೆ ಅಷ್ಟರಲ್ಲಿ ನೂರಕ್ಕೂ ಹೆಚ್ಚು ಅಡಿ ಕೆಳಗೆ ಬಂದಿರುತ್ತೀರಿ. ನನ್ನ ಹತ್ತಿರ ಇದ್ದದ್ದೇ 80. ಸ್ಕೈಡೈವಿಂಗ್‌ನಲ್ಲಿ ಗಾಯಗೊಂಡವರ, ಸತ್ತವರ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಕಾರಣ ಇದೇ. ಪ್ಯಾರಾಚೂಟ್ ಚೆನ್ನಾಗಿ ಬಿಚ್ಚಿಕೊಂಡಿದೆ, ನೆಲದ ಹತ್ತಿರ ಜೋರಾಗಿ ತಿರುಗಿಸಿದ್ದಾರೆ.

ರೇಡಿಯೊದಲ್ಲಿ "ಹ್ಯಾಂಡ್ಸ್ ಅಪ್! ಹ್ಯಾಂಡ್ಸ್ ಅಪ್!" ಅಂತ ಕೂಗಿದ್ದು ಕೇಳಿಸಿತು. ಎಳೆದ ಟಾಗಲ್ ಮೇಲಕ್ಕೆ ಬಿಡು ಅಂತ ಅದರರ್ಥ. ಕೈ ಕೇಳಲಿಲ್ಲ. ಬದುವಿನ ಅಂಚಿಗೆ ಬಲಗಾಲು ಒಂದೇ ಮೊದಲು ಬಡಿಯಿತು. ಕಬ್ಬಿನ ಜಲ್ಲೆ ಮುರಿದ ಸದ್ದು. ಅದು ನನ್ನ ಕಾಲು ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಹಾಗಾದರೆ ಏನು ಮಾಡಬೇಕಿತ್ತು? ಆಸ್ಪತ್ರೆಯಲ್ಲಿ ಮಲಗಿ ಇದನ್ನೇ ಯೋಚಿಸಿದ್ದೇನೆ. ಎರಡೂ ಟಾಗಲ್ಲನ್ನು ಅರ್ಧಕ್ಕೆ ಎಳೆದು ವೇಗ ಕಡಿಮೆ ಮಾಡಿಕೊಂಡು, ಆಮೇಲೆ ಒಂದು ಕಡೆ ಮಾತ್ರ ಇನ್ನೊಂದು ಚೂರು ಎಳೆದಿದ್ದರೆ ಕ್ಯಾನಪಿ ಹೆಚ್ಚು ವಾಲದೆ, ಧುಮುಕದೆ, ನಿಧಾನವಾಗಿ ಪಕ್ಕಕ್ಕೆ ಸರಿಯುತ್ತಿತ್ತು. ಇದಕ್ಕೆ ಬ್ರೇಕ್ಡ್ ಟರ್ನ್ ಅನ್ನುತ್ತಾರೆ. ಮಧ್ಯಾಹ್ನದ ಪಾಠದಲ್ಲಿ ಹೇಳಿದ್ದರಂತೆ. ಮೇಲೆ, 2,000 ಅಡಿಗಿಂತ ಎತ್ತರದಲ್ಲಿ ಇದನ್ನು ನಾಲ್ಕೈದು ಸಲ ಮಾಡಿ ನೋಡಲು ಬೇಕಾದಷ್ಟು ಸಮಯ ಇತ್ತು. ನಾನು ಆ ಸಮಯದಲ್ಲಿ ಲಲಿತಮಹಲ್ ನೋಡುತ್ತಿದ್ದೆ.

ಅದೂ ಆಗದಿದ್ದರೆ ಉಳಿದದ್ದು ಇಷ್ಟೇ. ಕ್ಯಾನಪಿ ವಾಲಿರಬಾರದು, ಮುಂದೆ ಅಡ್ಡಿ ಇರಬಾರದು, ಅರ್ಧವಾದರೂ ಫ್ಲೇರ್ ಮಾಡಿರಬೇಕು, ಕಾಲು ಎರಡೂ ಜೋಡಿಸಿ ಉರುಳಿಕೊಳ್ಳಬೇಕು. ಪಾದ, ಮೀನಖಂಡ, ತೊಡೆಯ ಪಕ್ಕ, ಸೊಂಟ, ಬೆನ್ನು ಅಂತ ಪೆಟ್ಟು ಹಂಚಿಹೋಗುತ್ತದೆ. ಗಾಳಿಯ ದಿಕ್ಕು ತಪ್ಪಾಗಿದ್ದರೂ ಪರವಾಗಿಲ್ಲ. ಗಾಳಿಯ ಜೊತೆ ನೆಟ್ಟಗೆ ಬಂದು ಮಂಡಿ ಚರ್ಮ ಕಿತ್ತುಕೊಂಡವರು ಸಂಜೆ ಕ್ಯಾಂಪಿನಲ್ಲೇ ಟೀ ಕುಡಿದರು. ಕೊನೇ ಗಳಿಗೆಯಲ್ಲಿ ತಿರುಗಿಸಿದವನು ಟೀ ಕುಡಿಯಲಿಲ್ಲ.

ಬಿದ್ದ ಮೇಲಿನದು ಇನ್ನೊಂದು ಅಧ್ವಾನ. ನೆಲ ಮುಟ್ಟಿದ ಕೂಡಲೇ ಪ್ಯಾರಾಚೂಟ್ ಸಾಯುವುದಿಲ್ಲ. ಗಾಳಿ ತುಂಬಿಕೊಂಡು ನನ್ನನ್ನು ಹೊಲದಲ್ಲಿ ಹತ್ತು ಹನ್ನೆರಡು ಅಡಿ ಎಳೆಯಿತು, ಮುರಿದ ಕಾಲು ಹಿಂದೆ. ಒಂದೇ ಟಾಗಲ್ ಹಿಡಿದು ಪೂರ್ತಿ ಎಳೆದುಕೊಂಡರೆ ಅದು ಮಗುಚಿಕೊಳ್ಳುತ್ತದೆ. ಕ್ಯಾಂಪಿನ ಹುಡುಗನೊಬ್ಬ ಓಡಿ ಬಂದು, ಕ್ಯಾನಪಿಯ ಒಂದು ತುದಿ ಹಿಡಿದು ಸುತ್ತಿಬಿಟ್ಟ. ಅಷ್ಟರಲ್ಲಿ ಜನ ಸೇರಿದರು. ಒಬ್ಬರು ಶೂ ಬಿಚ್ಚಲು ಎಳೆದರು. ಇನ್ನೊಬ್ಬರು "ಎದ್ದು ನಾಲ್ಕು ಹೆಜ್ಜೆ ನಡೀರಿ, ಉಳುಕಿರಬೇಕು" ಅಂದರು. ಮಾವ ಬಾಯಿಗೆ ನೀರು ಬಿಟ್ಟರು. ದಯವಿಟ್ಟು ಇದ್ಯಾವುದನ್ನೂ ಮಾಡಬೇಡಿ. ಹೀಗೆ ಬಿದ್ದವರಿಗೆ ಬೆನ್ನುಮೂಳೆಗೂ ಪೆಟ್ಟಾಗಿರಬಹುದು. ಎಬ್ಬಿಸಬೇಡಿ, ತಿರುಗಿಸಬೇಡಿ, 108ಕ್ಕೆ ಫೋನ್ ಮಾಡಿ. ಆಪರೇಷನ್ ಬೇಕಾಗಬಹುದು, ಹಾಗಾಗಿ ತಿನ್ನಲು ಕುಡಿಯಲು ಏನೂ ಕೊಡಬೇಡಿ. ಅತ್ತೆ ಡಬ್ಬಿ ತೆಗೆದು ಅರ್ಧ ವಡೆ ಬಾಯಿಗಿಡಲು ಬಂದದ್ದು ಪ್ರೀತಿಗೇ. ಆದರೂ.

ದುಡ್ಡಿನ ಮಾತನ್ನೂ ಹೇಳಿಬಿಡುತ್ತೇನೆ. ಆಪರೇಷನ್ನಿಗೆ 1,80,000 ರೂಪಾಯಿ ಆಯಿತು. ಇನ್ಶೂರೆನ್ಸ್‌ನವರು ಒಂದು ಪೈಸೆ ಕೊಡಲಿಲ್ಲ. ಸಾಹಸ ಕ್ರೀಡೆಯಲ್ಲಿ ಆದ ಗಾಯಕ್ಕೆ ಕವರ್ ಇಲ್ಲ ಅಂತ ಪಾಲಿಸಿಯಲ್ಲೇ ಬರೆದಿತ್ತು. ಎಷ್ಟೋ ಪಾಲಿಸಿಗಳಲ್ಲಿ ಹಾಗೇ ಇರುತ್ತದೆ. ನಾನು ಓದಿದ್ದು ಆಸ್ಪತ್ರೆಯ ಹಾಸಿಗೆಯ ಮೇಲೆ.

ಇನ್ನು ಹೋಗುವವರು. ಎಲ್ಲರೂ ವಿಮಾನ ಯಾವುದು, ವಿಡಿಯೊಗೆ ಎಷ್ಟು ಅಂತ ಕೇಳುತ್ತಾರೆ. ನೀವು ಒಂದು ದಿನ ಮುಂಚೆ ಹೋಗಿ ಇಳಿಯುವ ಜಾಗ ತೋರಿಸಿ ಅನ್ನಿ, ಅದರಲ್ಲಿ ನಡೆದು ನೋಡಿ. ಕಲಿಯುವವರಿಗೆ ಸುತ್ತ 100 ಮೀಟರ್ ಯಾವ ಅಡ್ಡಿಯೂ ಇರಬಾರದು ಅಂತ ಅಮೆರಿಕದ ಪ್ಯಾರಾಚೂಟ್ ಸಂಘದ ನಿಯಮ ಇದೆ. ನಮ್ಮ ಕಡೆ ಬಯಲು ಅಂದರೆ ಅದರಲ್ಲಿ ಬದು, ಪಂಪ್‌ಸೆಟ್ ಮನೆ, ತಂತಿಬೇಲಿ, ಬೋರ್‌ವೆಲ್ಲಿಗೆ ಎಳೆದ ಕರೆಂಟ್ ವೈರ್ ಎಲ್ಲ ಬಂತು. ವೈರ್ ಮೇಲಿನಿಂದ ಕಾಣುವುದೇ ಇಲ್ಲ. ಕಂಬ ಹುಡುಕಿ, ಎರಡು ಕಂಬ ಕಂಡರೆ ಮಧ್ಯೆ ವೈರ್ ಇದೆ ಅಂತಲೇ ಲೆಕ್ಕ. ಮಂಡ್ಯದ ಕಡೆ ಆದರೆ ನಾಲೆ ಎಲ್ಲಿದೆ ಅಂತ ಮೊದಲು ಕೇಳಿ, ನೀರಿಗೆ ಬಿದ್ದರೆ ಮೈಗೆ ಸುತ್ತಿಕೊಂಡ ದಾರವೇ ಶತ್ರು. ಬೆಳೆದು ನಿಂತ ಕಬ್ಬು ಮೇಲಿನಿಂದ ಹಸಿರು ಹಾಸಿಗೆ ಥರ ಕಾಣುತ್ತದೆ, ಅದು ಆಳೆತ್ತರಕ್ಕಿಂತ ಜಾಸ್ತಿ ಇರುತ್ತದೆ.

ತೆಂಗಿನ ತೋಟದ ಬಗ್ಗೆ ಒಂದು ಮಾತು. ಮರಕ್ಕೆ ಸಿಕ್ಕಿಹಾಕಿಕೊಳ್ಳುವುದೊಂದೇ ಅಪಾಯ ಅಲ್ಲ. ಗಾಳಿ ತೋಟ ದಾಟಿ ಈಚೆ ಬಂದಾಗ, ಕಲ್ಲು ದಾಟಿದ ಹೊಳೆನೀರಿನ ಹಾಗೆ ಸುಳಿ ಸುಳಿಯಾಗಿರುತ್ತದೆ. ಅದರೊಳಗೆ ಸಿಕ್ಕ ಕ್ಯಾನಪಿ ಒಮ್ಮೆಲೇ ಮುದುಡಬಹುದು. ಮರದ ಎತ್ತರದ 10ರಿಂದ 20 ಪಟ್ಟು ದೂರದವರೆಗೂ ಈ ಸುಳಿ ಇರಬಹುದು ಅನ್ನುತ್ತಾರೆ. 60 ಅಡಿ ತೆಂಗು ಅಂದರೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ.

ಗಾಳಿ ಜಾಸ್ತಿ ಇದೆ, ಇವತ್ತು ಬೇಡ ಅಂತ ಬೋಧಕರು ಹೇಳಿದರೆ ಅವರ ಮೇಲೆ ಸಿಟ್ಟಾಗಬೇಡಿ. ಅದೇ ಅಮೆರಿಕದ ಸಂಘದ ಪ್ರಕಾರ ಕಲಿಯುವವರಿಗೆ ಮಿತಿ ಗಂಟೆಗೆ 14 ಮೈಲಿ, ಅಂದರೆ 22 ಕಿ.ಮೀ. ಹತ್ತಿರ. ಆಷಾಢದಲ್ಲಿ ಯಾರಾದರೂ ಹಾರಿಸುತ್ತೇವೆ ಅಂದರೆ ಅನುಮಾನ ಪಡಿ. ಟ್ಯಾಂಡೆಮ್ ಮಾಡುವವರು ಇಳಿಯುವಾಗ ಬೋಧಕರು ಹೇಳಿದ ಕೂಡಲೇ ಕಾಲು ಎತ್ತಿ ಮುಂದಕ್ಕೆ ಚಾಚಿ. ನೆಲ ಕಂಡ ಖುಷಿಗೆ ನಿಲ್ಲಲು ಹೋದರೆ ಇಬ್ಬರ ತೂಕವೂ ನಿಮ್ಮ ಕಾಲಿನ ಮೇಲೆ.

ಮಾವ ಒಂದು ತಿಂಗಳು ನನ್ನ ಮುಖ ನೋಡಲಿಲ್ಲ. ಆಮೇಲೆ ಊಟ ತಂದುಕೊಡುತ್ತಾ ಕೂತುಕೊಂಡವರು ಮೆಲ್ಲಗೆ ಕೇಳಿದರು, "ನಾನು ಅಲ್ಲೇ ಅಲ್ಲಾಡ್ದೆ ನಿಂತಿದ್ರೆ ನೀನು ನೆಟ್ಟಗೆ ಬಂದು ನಂಗೇ ಗುದ್ತಿದ್ದಾ?" ವಿಡಿಯೊ ಹಾಕಿ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ನಾನು ತಿರುಗಿಸುವ ಹೊತ್ತಿಗೆ ಅವರು ಹುಡುಗನ ಕೈ ಹಿಡಿದು ಆಗಲೇ ಪಕ್ಕಕ್ಕೆ ಓಡಲು ಶುರುಮಾಡಿದ್ದರು. ನೆಟ್ಟಗೆ ಬಂದಿದ್ದರೆ ಅವರು ನಿಂತಿದ್ದ ಜಾಗ ಖಾಲಿ ಇರುತ್ತಿತ್ತು.

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮಾವ ಫೋನ್ ಜೇಬಿಗಿಟ್ಟು, "ಸಾರು ಆರೋಗ್ತದೆ, ಉಣ್ಣು" ಅಂದರು.